ಟ್ಯಾಂಕರ್ ನೀರಿನ ಲೆಕ್ಕ ನಮಗೆ ಸಿಕ್ಕಿದ್ದು ಹೀಗೆ

2023ರಲ್ಲಿ ಮಳೆ ಕೈಕೊಟ್ಟಿತು. ಮರುವರ್ಷದ ಬೇಸಿಗೆಯಲ್ಲಿ ಚಿತ್ರದುರ್ಗ ಜಿಲ್ಲೆಯ ನಮ್ಮೂರಿಗೆ ಬರ ಪರಿಹಾರದ ದುಡ್ಡಲ್ಲಿ ಟ್ಯಾಂಕರ್ ನೀರು ಬರುತ್ತಿತ್ತು. ಒಂದು ದಿನ ಬಂದರೆ ಎರಡು ದಿನ ಇಲ್ಲ. ಕೇಳಿದರೆ ಪಂಚಾಯಿತಿಯವರು "ದಿನಾ ಕಳಿಸ್ತಿದ್ದೀವಲ್ಲ" ಅನ್ನುತ್ತಿದ್ದರು.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಬರಗಾಲದ ಖರ್ಚಿನ ಪೂರ್ತಿ ವಿವರ ಬೇಕು ಅಂತ ಎರಡು ಪುಟ ಬರೆದಿದ್ದೆ. ವಾಪಸ್ ಬಂತು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಎರಡನೇ ಸಲ ಇಷ್ಟೇ ಕೇಳಿದೆ: ಏಪ್ರಿಲ್, ಮೇ ತಿಂಗಳ ಟ್ರಿಪ್ ಪುಸ್ತಕ ಮತ್ತು ಬಿಲ್‌ಗಳ ನಕಲು. ಜೊತೆಗೆ 10 ರೂಪಾಯಿ ಪೋಸ್ಟಲ್ ಆರ್ಡರ್. 30 ದಿನದೊಳಗೆ ಉತ್ತರ ಕೊಡಬೇಕು. 28ನೇ ದಿನ ಕೊಟ್ಟರು.

ಪುಸ್ತಕದಲ್ಲಿ ದಿನಾ ಎರಡು ಟ್ರಿಪ್. ಸಹಿಗಳೆಲ್ಲ ಒಂದೇ ಕೈಬರಹ. ಆದರೆ ಪಕ್ಕದ ಮನೆ ಅಜ್ಜಿ ನೀರು ಬಂದ ದಿನಕ್ಕೆಲ್ಲ ಗೋಡೆ ಕ್ಯಾಲೆಂಡರ್‌ನಲ್ಲಿ ಕುಂಕುಮದ ಬೊಟ್ಟು ಇಟ್ಟಿದ್ದರು. ಮೇ ಹಾಳೆಯಲ್ಲಿ ಬೊಟ್ಟು ಹನ್ನೊಂದೇ. ಅದನ್ನು ನೋಡಿ ಹೊಟ್ಟೆ ಉರಿಯಿತು. ಬಿಸಿಲಲ್ಲಿ ಕೊಡ ಇಟ್ಟು ಕಾದವರ ನೀರು ಅದು, ಅಲ್ವಾ?

ಸುಮ್ನೆ ಕೂಗಾಡಿದ್ದರೆ ಏನೂ ಆಗುತ್ತಿರಲಿಲ್ಲ. ಗ್ರಾಮಸಭೆಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೊಂದೇ ತಾರೀಖು ಓದಿದೆವು. ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಎದ್ದೆವು. ಇದನ್ನು ಮಾತ್ರ ಯಾರೂ ಬಿಡಬೇಡಿ. ಬಾಕಿ ಬಿಲ್ ತಡೆಹಿಡಿದರು. ಆಮೇಲೆ ಟ್ಯಾಂಕರ್ ಬಂದಾಗಲೆಲ್ಲ ಆ ಬೀದಿಯ ಇಬ್ಬರು ಹೆಂಗಸರು ಸಹಿ ಹಾಕಬೇಕು, ಹಾಳೆಯನ್ನು ನೋಟಿಸ್ ಬೋರ್ಡಿಗೆ ಅಂಟಿಸಬೇಕು ಅಂತಾಯಿತು. ಮೊದಲ ಹೆಬ್ಬೆಟ್ಟು ಅಜ್ಜಿಯದು.