ಲೋ-ಫೈ ಬೀಟ್‌ಗೆ ಯಾವ ಸ್ಯಾಂಪ್ಲರ್? ಮೊದಲು ಬೆರಳನ್ನು ಕೇಳಿ

ಕಳೆದ ಎರಡು ವರ್ಷದಲ್ಲಿ ನನಗೆ ಗೊತ್ತಿರುವ ನಾಲ್ಕು ಹುಡುಗರು ಸ್ಯಾಂಪ್ಲರ್, ಅಂದರೆ ಸದ್ದಿನ ತುಣುಕು ತುಂಬಿಕೊಂಡು ಪ್ಯಾಡ್ (ಬೆರಳಲ್ಲಿ ತಟ್ಟುವ ಗುಂಡಿ) ಮೇಲೆ ನುಡಿಸುವ ಮಷೀನ್, ಕೊಂಡರು. ಮೂವರು ಆರು ತಿಂಗಳೊಳಗೆ ಮಾರಿಬಿಟ್ಟರು. ಮೂವರದ್ದೂ ಒಂದೇ ತಪ್ಪು. ವಿಡಿಯೋ ನೋಡಿದರು, ಪಟ್ಟಿ ಇಟ್ಟುಕೊಂಡು ಹೋಲಿಸಿದರು, ಯಾವುದರಲ್ಲಿ ಫೀಚರ್ ಜಾಸ್ತಿ ಇದೆಯೋ ಅದನ್ನೇ ತಂದರು. ಆದರೆ ಲೋ-ಫೈ, ಅಂದರೆ ಬೇಕೆಂದೇ ಹಳೇ ಟೇಪಿನ ಥರ ಮಸುಕಾಗಿ ಕೇಳಿಸುವ ಈ ಸಂಗೀತ, ಹುಟ್ಟಿದ್ದು ಏನೂ ಸಾಲದ ಮಷೀನುಗಳಲ್ಲಿ.

1987ರಲ್ಲಿ ಬಂದ ಇ-ಮ್ಯೂ ಎಸ್‌ಪಿ-1200 ಒಟ್ಟು 10 ಸೆಕೆಂಡಿನಷ್ಟು ಸದ್ದನ್ನು ಮಾತ್ರ ಹಿಡಿಯುತ್ತಿತ್ತು. ಅದೂ 12 ಬಿಟ್‌ನಲ್ಲಿ, ಅಂದರೆ ಒರಟು ಗುಣಮಟ್ಟದಲ್ಲಿ. ಹಿಪ್-ಹಾಪ್ ಮಾಡುವವರು ಜಾಗ ಉಳಿಸಲು ನಿಮಿಷಕ್ಕೆ 33 ಸುತ್ತು ತಿರುಗುವ ರೆಕಾರ್ಡನ್ನು 45ರಲ್ಲಿ ಓಡಿಸಿ ತುಂಬಿಕೊಳ್ಳುತ್ತಿದ್ದರು. ಆಮೇಲೆ ಮಷೀನಿನೊಳಗೆ ಪಿಚ್ (ಶ್ರುತಿ) ಇಳಿಸಿ ಮೊದಲಿನ ವೇಗಕ್ಕೆ ತರುತ್ತಿದ್ದರು. ಹೀಗೆ ಇಳಿಸುವಾಗ ಸದ್ದು ಮರಳು ಮರಳಾಗುತ್ತಿತ್ತು. ಇವತ್ತು ನಾವು ಎಫೆಕ್ಟ್ ಬಟನ್ ಒತ್ತಿ ತರಿಸಿಕೊಳ್ಳುವುದು ಅದೇ ಮರಳನ್ನು. ಡೆಟ್ರಾಯಿಟ್‌ನ ಬೀಟ್ ನಿರ್ಮಾಪಕ ಜೆ ಡಿಲ್ಲಾ ಅಕಾಯ್ ಎಂಪಿಸಿ 3000 ಸ್ಯಾಂಪ್ಲರಿನಲ್ಲಿ ಡ್ರಮ್ಮನ್ನು ಕೈಯಲ್ಲೇ ಬಾರಿಸಿ, ಸ್ವಲ್ಪ ಹಿಂದೆ ಮುಂದೆ ತೂಗುವ ನಡೆ ತಂದರು. ಆ ಮಷೀನ್ ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ. ಜಪಾನಿನ ಬೀಟ್ ನಿರ್ಮಾಪಕ ನುಜಾಬೆಸ್ ಹುಟ್ಟಿದ್ದೂ ಡಿಲ್ಲಾ ಹುಟ್ಟಿದ ದಿನವೇ, 1974ರ ಫೆಬ್ರವರಿ 7. ಲೋ-ಫೈ ಮಾಡುವವರೆಲ್ಲ ಇವರಿಬ್ಬರ ಸಾಲಗಾರರು.

ಹಂತ 1: ಒಂದು ತಿಂಗಳು ಫೋನಿನಲ್ಲೇ ಮಾಡಿ

ಕೊವಾಲಾ ಸ್ಯಾಂಪ್ಲರ್ ಅನ್ನುವ ಆ್ಯಪ್ ಹಾಕಿಕೊಳ್ಳಿ. ಅದರಲ್ಲಿ ಹತ್ತು ಬೀಟ್ ಮುಗಿಸಿ. ಶುರು ಮಾಡಿದ್ದು ಲೆಕ್ಕಕ್ಕಿಲ್ಲ, ಮುಗಿಸಿದ್ದು ಮಾತ್ರ ಲೆಕ್ಕ. ಹತ್ತು ಆಗದಿದ್ದರೆ ಇನ್ನೂ ದುಡ್ಡು ಹಾಕಬೇಡಿ.

ಹಂತ 2: ನಿಮ್ಮ ಸದ್ದು ಎಲ್ಲಿಂದ ಬರುತ್ತದೆ?

ಮನೆಯ ಹಾರ್ಮೋನಿಯಂ, ಕುಕ್ಕರ್ ಸೀಟಿ, ಅಜ್ಜಿಯ ಮಾತು, ಶೀಟಿನ ಮೇಲೆ ಬೀಳುವ ಮಳೆ ಇವೆಲ್ಲ ನಿಮಗೆ ಬೇಕು ಅಂದರೆ ಒಳಗೇ ಮೈಕ್ ಇರುವ ಮಷೀನ್ ನೋಡಿ. ಟೀನೇಜ್ ಎಂಜಿನಿಯರಿಂಗ್‌ನ ಪಿಒ-33 ಮತ್ತು ಇಪಿ-133 ಎರಡರಲ್ಲೂ ಮೈಕ್ ಇದೆ. ರೋಲ್ಯಾಂಡ್ ಎಸ್‌ಪಿ-404 ಎಂಕೆ2ನಲ್ಲಿ ಇಲ್ಲ, ಹೊರಗಿನ ಮೈಕ್ ಚುಚ್ಚಬೇಕು. ರೆಕಾರ್ಡ್, ಕ್ಯಾಸೆಟ್, ಲ್ಯಾಪ್‌ಟಾಪ್‌ನಿಂದ ತುಂಬುವವರಿಗೆ ಇದು ದೊಡ್ಡ ವಿಷಯವಲ್ಲ.

ಹಳೇ ಸಿನಿಮಾ ಹಾಡಿನ ಮೇಲೆ ಕಣ್ಣಿಟ್ಟವರು ಒಂದು ಮಾತು ತಿಳಿದಿರಬೇಕು. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. ಸಾಹಿತ್ಯ, ಸಂಗೀತದ ಹಕ್ಕು ಬೇರೆ. ಅದು ಬರೆದವರು ತೀರಿಕೊಂಡ ಮೇಲೂ 60 ವರ್ಷ. ‘ನಾಲ್ಕು ಸೆಕೆಂಡು ತಗೊಂಡರೆ ಪರವಾಗಿಲ್ಲ’ ಅಂತ ಎಲ್ಲರೂ ಹೇಳುತ್ತಾರೆ, ಕಾಯ್ದೆಯಲ್ಲಿ ಅಂಥ ಲೆಕ್ಕ ಇಲ್ಲ. ಮನೆಯಲ್ಲಿ ಅಭ್ಯಾಸ ಮಾಡುವುದು ಒಂದು, ಹೊರಗೆ ಬಿಡುಗಡೆ ಮಾಡುವುದು ಇನ್ನೊಂದು.

ಹಂತ 3: ಪಟ್ಟಿಯನ್ನು ಮೂರಕ್ಕೆ ಇಳಿಸಿ

ಕೈಯಲ್ಲಿ ಕಾಸು ಕಡಿಮೆ ಇದ್ದರೆ ಪಿಒ-33. ಕ್ಯಾಲ್ಕುಲೇಟರ್ ಥರ ಇದೆ, ಎರಡು ಪೆನ್ಸಿಲ್ ಸೆಲ್ ಸಾಕು, ಒಟ್ಟು 40 ಸೆಕೆಂಡು ಸದ್ದು. ಆ 40 ಸೆಕೆಂಡೇ ನಿಮಗೆ ಪಾಠ ಕಲಿಸುತ್ತದೆ. 2023ರಲ್ಲಿ ಬಂದ ಇಪಿ-133 ಅದರ ಅಣ್ಣ. ನಾಲ್ಕು ಪೆನ್ಸಿಲ್ ಸೆಲ್, ಹನ್ನೆರಡು ಪ್ಯಾಡ್, ನೋಡಲು ಚೆಂದ, ಬೇಗ ಕೈಗೆ ಹತ್ತುತ್ತದೆ.

2021ರ ಎಸ್‌ಪಿ-404 ಎಂಕೆ2 ನನ್ನ ಆಯ್ಕೆ, ಮುಚ್ಚಿಡುವುದಿಲ್ಲ. ಹಳೇ ರೆಕಾರ್ಡ್ (ವಿನೈಲ್), ಕ್ಯಾಸೆಟ್ ಥರ ಕೇಳಿಸುವ ಎಫೆಕ್ಟ್ ಒಳಗೇ ಇವೆ. ನೀವು ರೆಕಾರ್ಡ್ ಒತ್ತದೇ ಇದ್ದರೂ ಈಗ ತಾನೇ ನುಡಿಸಿದ್ದನ್ನು ಹಿಂದಕ್ಕೆ ಹೋಗಿ ಹಿಡಿದುಕೊಡುವ ಸ್ಕಿಪ್‌ಬ್ಯಾಕ್ ಬಟನ್ ಇದೆ. ಆ ಒಂದು ಬಟನ್ ನನ್ನ ಎಷ್ಟೋ ಒಳ್ಳೆಯ ತುಣುಕುಗಳನ್ನು ಉಳಿಸಿದೆ.

ಅಕಾಯ್ ಎಂಪಿಸಿ ಒನ್ ದೊಡ್ಡ ಮಷೀನ್. 7 ಇಂಚಿನ ಟಚ್ ಸ್ಕ್ರೀನ್, ಇಡೀ ಹಾಡನ್ನು ಅದರಲ್ಲೇ ಮುಗಿಸಬಹುದು. ಆದರೆ ಬ್ಯಾಟರಿ ಇಲ್ಲ, ಮೆನು ಜಾಸ್ತಿ. ಲ್ಯಾಪ್‌ಟಾಪ್ ಬಿಟ್ಟು ಬರಬೇಕು ಅಂತ ಹೊರಟವರು ಮತ್ತೆ ಸ್ಕ್ರೀನ್ ಮುಂದೆಯೇ ಕೂತಿರುತ್ತಾರೆ. ಎಲೆಕ್ಟ್ರಾನ್ ಡಿಜಿಟಾಕ್ಟ್ ಒಳ್ಳೆಯದೇ, ಆದರೆ ಅದರ ಜೀವ ಇರುವುದು ಸ್ಟೆಪ್ ಸೀಕ್ವೆನ್ಸರಿನಲ್ಲಿ, ಅಂದರೆ ಸದ್ದನ್ನು ಬಾರಿಸದೆ ಒಂದೊಂದೇ ಹೆಜ್ಜೆಯಾಗಿ ಜೋಡಿಸುವುದರಲ್ಲಿ. ಬೆರಳಿನ ನಡೆ ಬೇಕೆನ್ನುವವರಿಗೆ ನಾನು ಹೇಳುವುದಿಲ್ಲ.

ಹಂತ 4: ಒಂದು ಗಂಟೆ ಕೈಯಲ್ಲಿ ಹಿಡಿದು ನೋಡಿ

ಎಲ್ಲರೂ ಎಡವುವುದು ಇಲ್ಲೇ. ಅಂಗಡಿಯಲ್ಲಿ ಹತ್ತು ನಿಮಿಷ ಮಷೀನಿನ ಜೊತೆಗೇ ಬಂದ ಫ್ಯಾಕ್ಟರಿ ಸದ್ದು ಬಾರಿಸಿ ‘ಸೂಪರ್’ ಅಂತ ತಗೊಂಡು ಬರುತ್ತಾರೆ. ಫ್ಯಾಕ್ಟರಿ ಸದ್ದು ಎಲ್ಲ ಮಷೀನಿನಲ್ಲೂ ಚೆನ್ನಾಗಿಯೇ ಕೇಳಿಸುತ್ತದೆ. ನಿಮ್ಮದೇ ಸದ್ದು ಒಯ್ಯಿರಿ. ಅಂಗಡಿಯಲ್ಲಿ ಬಿಡದಿದ್ದರೆ ಇಟ್ಟುಕೊಂಡಿರುವ ಗೆಳೆಯರ ಮನೆಗೆ ಹೋಗಿ. ಸ್ಯಾಂಪ್ಲರ್ ಉಳಿಸಿಕೊಂಡಿರುವ ಆ ನಾಲ್ಕನೇ ಹುಡುಗ ಮಾಡಿದ್ದು ಇಷ್ಟೇ. ಫೋನಿನಲ್ಲಿ ಎಂಟು ಸೆಕೆಂಡಿನ ಹಾರ್ಮೋನಿಯಂ ತುಣುಕು ಹಾಕಿಕೊಂಡು ನಮ್ಮ ಮನೆಗೆ ಬಂದ.

ಮೊದಲು ತುಣುಕನ್ನು ಒಳಗೆ ತುಂಬಿ. ಸದ್ದು ಕಿವಿಗೆ ಬಿದ್ದಲ್ಲಿಂದ ಪ್ಯಾಡ್ ಮೇಲೆ ಕೂರುವ ತನಕ ಎಷ್ಟು ಬಟನ್ ಒತ್ತಿದಿರಿ ಅಂತ ಎಣಿಸಿ. ಎರಡನೇ ಸಲ ಯಾರನ್ನೂ ಕೇಳದೆ ಮಾಡಲು ಬಂತಾ? ಬರದಿದ್ದರೆ ರಾತ್ರಿ ಹನ್ನೊಂದಕ್ಕೆ, ಕೆಲಸ ಮುಗಿಸಿ ದಣಿದು ಕೂತಾಗ ಖಂಡಿತ ಬರುವುದಿಲ್ಲ.

ಆಮೇಲೆ ಶುರುವಿನ ಜಾಗ ಕತ್ತರಿಸಿ. ಹಾರ್ಮೋನಿಯಂ ಸ್ವರಕ್ಕೆ ಮುಂಚೆ ತಿದಿಯ ಒಂದು ಉಸಿರು ಇರುತ್ತದೆ. ಆ ಉಸಿರು ಉಳಿದರೆ ಪ್ಯಾಡ್ ಒತ್ತಿದ ಮೇಲೆ ಸ್ವರ ತಡವಾಗಿ ಬರುತ್ತದೆ, ಇಡೀ ಬೀಟ್ ಎಳೆದಂತೆ ಆಗುತ್ತದೆ. ಜಾಸ್ತಿ ಕತ್ತರಿಸಿದರೆ ‘ಟಕ್’ ಅಂತ ಒಡೆಯುತ್ತದೆ. ಸರಿಯಾದ ಜಾಗ ಹುಡುಕಲು ನಾಬ್ ಸಲೀಸಾಗಿ ತಿರುಗಬೇಕು, ಪರದೆಯಲ್ಲಿ ಸದ್ದಿನ ಅಲೆಯ ಚಿತ್ರ ಕಾಣಬೇಕು, ಇಲ್ಲವೇ ಕಿವಿಯಲ್ಲೇ ಮಾಡುವ ತಾಳ್ಮೆ ನಿಮಗಿರಬೇಕು. ಪಿಒ-33ರಲ್ಲಿ ಅಲೆಯ ಚಿತ್ರ ಕಾಣುವುದಿಲ್ಲ. ಎಂಪಿಸಿಯಲ್ಲಿ ಅಗಲವಾಗಿ ಕಾಣುತ್ತದೆ. ಎಂಕೆ2ನಲ್ಲಿ ಸಣ್ಣ ಪರದೆ, ನನಗೆ ಅಷ್ಟು ಸಾಕು.

ಈಗ ತುಣುಕನ್ನು ನಾಲ್ಕು ಪ್ಯಾಡಿಗೆ ಹಂಚಿ. ಮೆಟ್ರೊನೋಮ್ (ತಾಳ ಎಣಿಸುವ ಟಿಕ್ ಟಿಕ್) ನಿಮಿಷಕ್ಕೆ 80 ಬಡಿತಕ್ಕೆ ಇಡಿ. ಕ್ವಾಂಟೈಜ್, ಅಂದರೆ ನಿಮ್ಮ ಏಟನ್ನು ಮಷೀನೇ ತಾಳಕ್ಕೆ ಸರಿಸುವುದನ್ನು, ಆಫ್ ಮಾಡಿ. ಇದು ಮುಖ್ಯ, ಇಲ್ಲದಿದ್ದರೆ ನಿಮ್ಮ ಬೆರಳಿನ ಗುಣ ಮಷೀನ್ ಅಳಿಸಿಬಿಡುತ್ತದೆ. ಐದು ನಿಮಿಷ ಬಾರಿಸಿ. ಮೆಲ್ಲಗೆ ತಟ್ಟಿದರೆ ಮೆಲ್ಲಗೆ ಕೇಳಿಸಿತಾ? ಬೆರಳು ನೋಯಿತಾ? ಪಿಚ್ ಇಳಿಸಿಯೂ ನೋಡಿ. 90ರ ವೇಗದ ತುಣುಕನ್ನು ಎರಡು ಸೆಮಿಟೋನ್ (ಹಾರ್ಮೋನಿಯಂನ ಎರಡು ಮನೆ) ಇಳಿಸಿದರೆ ಹೆಚ್ಚು ಕಡಿಮೆ 80ಕ್ಕೆ ಬಂದು ಕೂರುತ್ತದೆ. ಟೈಮ್ ಸ್ಟ್ರೆಚ್ (ಶ್ರುತಿ ಬದಲಿಸದೆ ವೇಗ ಮಾತ್ರ ಬದಲಿಸುವುದು) ಗೋಜಿಗೆ ಹೋಗಬೇಡಿ, ಲೋ-ಫೈಗೆ ಪಿಚ್ ಇಳಿಸುವುದೇ ಚೆಂದ.

ಕೊನೆಯದು ರೀಸ್ಯಾಂಪ್ಲಿಂಗ್. ಅಂದರೆ ಎಫೆಕ್ಟ್ ಹಾಕಿ ನುಡಿಸಿದ್ದನ್ನು ಮತ್ತೆ ಹೊಸ ಪ್ಯಾಡಿಗೆ ತುಂಬುವುದು. ಅದರ ಮೇಲೆ ಇನ್ನೊಂದು ಎಫೆಕ್ಟ್, ಮತ್ತೆ ತುಂಬುವುದು. ಎರಡು ಮೂರು ಸುತ್ತಿನಲ್ಲಿ ಸದ್ದಿನ ಚೂಪು ಹೋಗಿ, ಹಳೇ ರೇಡಿಯೋ ಥರ ಬೆಚ್ಚಗಾಗುತ್ತದೆ. ಇಲ್ಲಿ ಮೂರು ಎಚ್ಚರ. ತುಂಬುವ ಮೊದಲು ಪ್ಯಾಡಿನ ವಾಲ್ಯೂಮ್ ಸ್ವಲ್ಪ ಇಳಿಸಿ, ಇಲ್ಲದಿದ್ದರೆ ಪ್ರತಿ ಸುತ್ತಿಗೂ ಸದ್ದು ಏರುತ್ತಾ ಹೋಗಿ ಒಡೆಯುತ್ತದೆ. ಮೆಟ್ರೊನೋಮ್ ನಿಲ್ಲಿಸಿ. ತುಂಬಿ ಆದ ಮೇಲೆ ಎಫೆಕ್ಟ್ ಆಫ್ ಮಾಡಿ. ಈ ಮೂರನೆಯದನ್ನು ಹತ್ತರಲ್ಲಿ ಎಂಟು ಜನ ಮರೆಯುತ್ತಾರೆ. ಎಫೆಕ್ಟ್ ಕೂತಿರುವ ಸದ್ದಿನ ಮೇಲೆ ಅದೇ ಎಫೆಕ್ಟ್ ಇನ್ನೊಮ್ಮೆ ಓಡುತ್ತದೆ, ಎಲ್ಲ ಕಂಬಳಿ ಹೊದ್ದ ಹಾಗೆ ಕೇಳಿಸುತ್ತದೆ. ‘ಮಷೀನ್ ಸರಿ ಇಲ್ಲ’ ಅಂತ ಮಾರುವುದು ಆಗಲೇ. ಎಂಕೆ2ನಲ್ಲಿ ರೀಸ್ಯಾಂಪ್ಲಿಂಗ್ ಮಾಡಲೆಂದೇ ಒಂದು ಬಟನ್ ಇದೆ. ನಾನು ಅದನ್ನು ಆರಿಸಲು ದೊಡ್ಡ ಕಾರಣವೂ ಅದೇ.

ಸಿದ್ಧ ‘ವಿನೈಲ್ ಕ್ರ್ಯಾಕಲ್’ ಪ್ಯಾಕ್‌ಗಳನ್ನು ದುಡ್ಡು ಕೊಟ್ಟು ತರಬೇಡಿ. ಎಲ್ಲರ ಬೀಟಿನಲ್ಲೂ ಅದೇ ಚಿಟಿಚಿಟಿ. ಒಗ್ಗರಣೆಯ ಸಾಸಿವೆ ಸಿಡಿಯುವುದನ್ನು ರೆಕಾರ್ಡ್ ಮಾಡಿ, ಹೈ (ಚೂಪು ಸದ್ದು) ಕಡಿಮೆ ಮಾಡಿ, ಸಣ್ಣಗೆ ಹಿಂದೆ ಓಡಿಸಿ ನೋಡಿ. ಸುಮ್ನೆ ಹೇಳುತ್ತಿಲ್ಲ, ನನ್ನ ಹೆಚ್ಚಿನ ಬೀಟ್‌ಗಳಲ್ಲಿ ಇರುವುದು ಅದೇ.

ಹಂತ 5: ಸೆಕೆಂಡ್ ಹ್ಯಾಂಡ್ ಆದರೆ ಎದುರಿಗೇ ಪರೀಕ್ಷೆ

ಒಮ್ಮೆ ನಾನು ಫೋಟೋ ನೋಡಿ ಹಳೇ ಮಷೀನ್ ತರಿಸಿದೆ. ಮಾರಿದವರು ‘ಹೊಸದರ ಥರ ಇದೆ’ ಅಂದಿದ್ದರು. ಏಳನೇ ಪ್ಯಾಡ್ ಜೋರಾಗಿ ಗುದ್ದಿದರೆ ಮಾತ್ರ ಮಾತಾಡುತ್ತಿತ್ತು. ಅಂದಿನಿಂದ ಪ್ರತಿ ಪ್ಯಾಡನ್ನೂ ಹತ್ತು ಸಲ ಮೆಲ್ಲಗೆ ತಟ್ಟದೆ ದುಡ್ಡು ಕೊಡುವುದಿಲ್ಲ. ನಾಬ್ ತಿರುಗಿಸುವಾಗ ಕರಕರ ಅಂದರೆ ಬೆಲೆ ಇಳಿಸಿ. ಹೆಡ್‌ಫೋನ್ ಜ್ಯಾಕ್ ಅಲ್ಲಾಡಿಸಿ ನೋಡಿ. 2005ರ ಮೊದಲ ಎಸ್‌ಪಿ-404 ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಕೇಳುತ್ತದೆ, ಆ ಕಾರ್ಡ್ ಈಗ ಎಲ್ಲೆಂದರಲ್ಲಿ ಸಿಗುವುದಿಲ್ಲ. ಹಳೆಯದೇ ಬೇಕಾದರೆ ಎಸ್‌ಡಿ ಕಾರ್ಡಿನ ಎಸ್‌ಎಕ್ಸ್ ಮಾದರಿ ನೋಡಿ.

ಹಂತ 6: ಕೇಬಲ್, ಕರೆಂಟು, ಬ್ಯಾಕಪ್

ಫೋನಿನ ಸಣ್ಣ ಜ್ಯಾಕಿನಿಂದ ಎರಡು ದಪ್ಪ ಮೋನೋ ಜ್ಯಾಕಿಗೆ ಒಡೆಯುವ ಕೇಬಲ್ ಎಂಕೆ2ಗೆ ಬೇಕು. ಬೆಂಗಳೂರಿನವರಿಗೆ ಎಸ್‌.ಪಿ. ರೋಡಿನಲ್ಲಿ ಸಿಗುತ್ತದೆ. ಒಂದೇ ದಪ್ಪ ಜ್ಯಾಕ್ ಇರುವುದನ್ನು ತಂದರೆ ಸ್ಟೀರಿಯೋ ಪೂರ್ತಿ ಬರುವುದಿಲ್ಲ. ಅಗ್ಗದ ಚಾರ್ಜರ್ ಹಾಕಿ ರೆಕಾರ್ಡ್ ಮಾಡಬೇಡಿ, ಸಣ್ಣ ಗುಂಯ್ ಸದ್ದು ಸೇರಿಕೊಂಡರೆ ಆಮೇಲೆ ತೆಗೆಯಲು ಆಗುವುದಿಲ್ಲ. ಅನುಮಾನ ಬಂದರೆ ಸೆಲ್ ಹಾಕಿ ಓಡಿಸಿ. ಎಂಕೆ2ಗೆ ಆರು ಎಎ ಸೆಲ್ ಬೇಕು, ರೀಚಾರ್ಜ್ ಆಗುವಂಥದ್ದೇ ಕೊಳ್ಳಿ.

ಭಾನುವಾರ ಸಂಜೆ ಒಂದು ಸಲ ಎಸ್‌ಡಿ ಕಾರ್ಡಿಗೆ ಬ್ಯಾಕಪ್ ಇಡಿ. ಪ್ರಾಜೆಕ್ಟ್ ಹೆಸರಿನಲ್ಲಿ ತಾರೀಖು ಇರಲಿ. ಅಜ್ಜಿಯ ದನಿ ಇರುವುದಾದರೆ ಲ್ಯಾಪ್‌ಟಾಪಿನಲ್ಲೂ ಇನ್ನೊಂದು ಪ್ರತಿ ಇಡಿ.