ಕಿವಿ ಚುರುಕಿರಲಿ, ಬರಹ ಚೊಕ್ಕವಿರಲಿ: ಶಾಂತಿಪಾಲನೆಯ ರಾಜಕೀಯ ವಿಭಾಗ ಸೇರುವುದು ಹೇಗೆ?

ಬೆಂಗಳೂರಿನ ರಿಚ್ಮಂಡ್ ರಸ್ತೆಗೆ ಜನರಲ್ ಕೆ.ಎಸ್. ತಿಮ್ಮಯ್ಯನವರ ಹೆಸರಿದೆ. ಕೊಡಗಿನ ತಿಮ್ಮಯ್ಯ 1964ರಲ್ಲಿ ಸೈಪ್ರಸ್‌ನ ವಿಶ್ವಸಂಸ್ಥೆ ಶಾಂತಿಪಾಲನಾ ಪಡೆಯ ದಂಡನಾಯಕರಾಗಿ ಹೋದರು, 1965ರ ಡಿಸೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು. ಶಾಂತಿಪಾಲನೆ ಎಂದೊಡನೆ ನಮಗೆ ನೆನಪಾಗುವುದು ಹೀಗೆ ಸೈನಿಕರೇ, ಅವರ ನೀಲಿ ಟೋಪಿಯೇ. ಆದರೆ ಅದೇ ಕಾರ್ಯಾಚರಣೆಯೊಳಗೆ ಬಂದೂಕು ಮುಟ್ಟದ ಒಂದು ಪುಟ್ಟ ವಿಭಾಗವಿರುತ್ತದೆ: ಪೊಲಿಟಿಕಲ್ ಅಫೇರ್ಸ್. ಅಲ್ಲಿಯವರು ಮಂತ್ರಿಗಳು, ಬಂಡುಕೋರರು, ಊರ ಹಿರಿಯರು, ಮಹಿಳಾ ಸಂಘದವರು ಹೇಳಿದ್ದನ್ನು ಕೇಳಿಸಿಕೊಂಡು, ನಿಜವೇ ಎಂದು ತಾಳೆ ನೋಡಿ ಬರೆದಿಡುತ್ತಾರೆ. ನ್ಯೂಯಾರ್ಕ್‌ನ ಭದ್ರತಾ ಮಂಡಳಿಯ ಮೇಜಿಗೆ ಹೋಗುವ ವರದಿಯ ಮೊದಲ ಕರಡು ಹಲವು ಸಲ ಹುಟ್ಟುವುದು ಇಂಥವರ ನೋಟ್‌ಬುಕ್ಕಿನಲ್ಲಿ.

ರಾಜ್ಯಶಾಸ್ತ್ರ, ಕಾನೂನು, ಪತ್ರಿಕೋದ್ಯಮ ಓದಿದ ಬೆಂಗಳೂರಿನ ಯುವಕ ಯುವತಿಯರು ಈ ಕೆಲಸಕ್ಕೆ ತಯಾರಾಗುವುದು ಹೇಗೆ, ಎಲ್ಲಿ ಎಡವುತ್ತಾರೆ ಎಂಬುದು ಇಲ್ಲಿದೆ.

ಮೊದಲು ಸರಿಯಾದ ಬಾಗಿಲು ಹುಡುಕಿ

ಹೆಚ್ಚಿನ ಅರ್ಜಿಗಳು ಇಲ್ಲೇ ವ್ಯರ್ಥವಾಗುತ್ತವೆ. ‘ಪೊಲಿಟಿಕಲ್ ಅಫೇರ್ಸ್ ಅಸಿಸ್ಟೆಂಟ್’ ಎಂಬ ಹೆಸರಿನ ಹುದ್ದೆಗಳು ಸಾಮಾನ್ಯವಾಗಿ ಜನರಲ್ ಸರ್ವಿಸ್ ದರ್ಜೆಯವು, ಅಂದರೆ ಕಚೇರಿಯ ಸಹಾಯಕ ಸಿಬ್ಬಂದಿಯವು. ಹುದ್ದೆಯ ಸಂಕೇತದಲ್ಲಿ ‘ಜಿ’ ಅಕ್ಷರವಿದ್ದರೆ ನೇಮಕ ಸ್ಥಳೀಯರಿಂದಲೇ ಎಂದು ತಿಳಿಯಿರಿ. ದಕ್ಷಿಣ ಸುಡಾನ್‌ನ ರಾಜಧಾನಿ ಜುಬಾದ ಅಂಥ ಹುದ್ದೆ ಆ ದೇಶದವರಿಗೆ. ಜಯನಗರದಲ್ಲಿ ಕೂತು ಅದಕ್ಕೆ ಅರ್ಜಿ ಹಾಕಿದರೆ ಯಾರೂ ಓದುವುದಿಲ್ಲ. ಇದು ಅನ್ಯಾಯವೇನಲ್ಲ. ಊರಿನ ಭಾಷೆ, ನೆಂಟಸ್ತಿಕೆ, ಹಳೆಯ ಜಗಳ ಗೊತ್ತಿರುವುದು ಊರಿನವರಿಗೇ, ವಿಭಾಗ ನಿಂತಿರುವುದೂ ಅವರ ಮೇಲೆಯೇ.

ಹೊರದೇಶದವರಿಗೆ ಇರುವ ದಾರಿಗಳು ಬೇರೆ. ಹೆಚ್ಚು ಕೈಗೆಟಕುವುದು ವಿಶ್ವಸಂಸ್ಥೆಯ ಸ್ವಯಂಸೇವಕ ಕಾರ್ಯಕ್ರಮ, ಅಂದರೆ ಯುಎನ್‌ವಿ. ಅದರ ‘ಸ್ಪೆಷಲಿಸ್ಟ್’ ವರ್ಗಕ್ಕೆ ಕನಿಷ್ಠ 27 ವರ್ಷ ವಯಸ್ಸು, 3 ವರ್ಷದ ಅನುಭವ ಬೇಕು. 18ರಿಂದ 26ರವರಿಗೆ ‘ಯೂತ್’ ವರ್ಗವಿದೆ. ಸಂಬಳದ ಬದಲು ಜೀವನ ನಿರ್ವಹಣಾ ಭತ್ಯೆ ಸಿಗುತ್ತದೆ, ಆದರೆ ಮಾಡುವ ಕೆಲಸ ಅಧಿಕಾರಿಗಳು ಮಾಡುವಂಥದ್ದೇ.

ಎರಡನೆಯ ದಾರಿ ಪ್ರೊಫೆಷನಲ್ ದರ್ಜೆಯ ನೇರ ನೇಮಕ. ಕೆಳಗಿನ ಮೆಟ್ಟಿಲಾದ ಪಿ-2ಕ್ಕೆ ಸ್ನಾತಕೋತ್ತರ ಪದವಿಯ ಜೊತೆ 2 ವರ್ಷ, ಪಿ-3ಕ್ಕೆ 5 ವರ್ಷ, ಪಿ-4ಕ್ಕೆ 7 ವರ್ಷದ ಅನುಭವ ಕೇಳುತ್ತಾರೆ. ಮೂರನೆಯದು ಯಂಗ್ ಪ್ರೊಫೆಷನಲ್ಸ್ ಪರೀಕ್ಷೆ: ಪರೀಕ್ಷೆಯ ವರ್ಷದಲ್ಲಿ ವಯಸ್ಸು 32 ದಾಟಿರಬಾರದು, ಪರೀಕ್ಷೆಗೆ ಅವಕಾಶವಿರುವ ದೇಶಗಳ ಆ ವರ್ಷದ ಪಟ್ಟಿಯಲ್ಲಿ ನಿಮ್ಮ ದೇಶವಿರಬೇಕು. ಪಟ್ಟಿ ವರ್ಷವರ್ಷ ಬದಲಾಗುತ್ತದೆ, ಹಾಗಾಗಿ ಅದನ್ನು ನೋಡಿಯೇ ಓದಲು ಕೂರಿ. ಇಂಟರ್ನ್‌ಶಿಪ್ ಕೂಡ ಇದೆ. ಆದರೆ ಅದಕ್ಕೆ ವೇತನವಿಲ್ಲ, ನ್ಯೂಯಾರ್ಕ್‌ನ ಬಾಡಿಗೆ ನಿಮ್ಮ ಜೇಬಿನದು.

ಇನ್ನೊಂದು ಮಾತು ಮನಸ್ಸಿನಲ್ಲಿರಲಿ. ಹಣದ ಕೊರತೆಯಿಂದಾಗಿ 2025ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆ ತನ್ನ ಶಾಂತಿಪಾಲನಾ ಪಡೆಗಳನ್ನು ಸುಮಾರು ಕಾಲುಭಾಗದಷ್ಟು ಕಡಿತಗೊಳಿಸುವುದಾಗಿ ಹೇಳಿತು. ನಾಗರಿಕ ಹುದ್ದೆಗಳಿಗೂ ಇದರ ಬಿಸಿ ತಟ್ಟಿದೆ. ಈಗಿರುವ ನೌಕರಿ ಬಿಟ್ಟು ಕಾಯಬೇಡಿ.

ಫ್ರೆಂಚ್ ಕಲಿಕೆ: ಎರಡು ವರ್ಷದ ಲೆಕ್ಕ

ಇಂಗ್ಲಿಷ್ ಒಂದೇ ಗೊತ್ತಿದ್ದವರಿಗೆ ಅರ್ಧ ನಕಾಶೆ ಮುಚ್ಚಿಹೋಗುತ್ತದೆ. ಕಾಂಗೋದ ಮೊನುಸ್ಕೊ, ಮಧ್ಯ ಆಫ್ರಿಕಾ ಗಣರಾಜ್ಯದ ಮಿನುಸ್ಕಾ ಎಂಬ ಎರಡು ಶಾಂತಿಪಾಲನಾ ಕಾರ್ಯಾಚರಣೆಗಳಲ್ಲೂ ಸಭೆ, ಪತ್ರಿಕೆ, ಸರ್ಕಾರಿ ಕಡತ ಎಲ್ಲವೂ ಫ್ರೆಂಚ್‌ನಲ್ಲಿ. ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಮೊದಲಿನಿಂದ ಶುರು ಮಾಡಿದರೆ ಬಿ2 ಮಟ್ಟ (ಸರಾಗವಾಗಿ ಮಾತಾಡಿ ಅರ್ಥಮಾಡಿಕೊಳ್ಳುವ ಹಂತ) ಮುಟ್ಟಲು ಸುಮಾರು 600 ಗಂಟೆ ಬೇಕೆಂದು ಲೆಕ್ಕವಿಟ್ಟುಕೊಳ್ಳಿ. ವಾರಕ್ಕೆ 6 ಗಂಟೆಯಂತೆ ಎರಡು ವರ್ಷ. ಬಿ2ಕ್ಕಿಂತ ಕೆಳಗಿದ್ದರೆ ಸಭೆಯಲ್ಲಿ ಟಿಪ್ಪಣಿ ಮಾಡಿಕೊಳ್ಳಲು ಆಗುವುದಿಲ್ಲ. ಮಾತು ಅರ್ಥವಾಗುವಷ್ಟರಲ್ಲಿ ಮುಂದಿನ ಮಾತು ಬಂದಿರುತ್ತದೆ.

ದಕ್ಷಿಣ ಸುಡಾನ್‌ನಲ್ಲಿ ಇಂಗ್ಲಿಷ್ ನಡೆಯುತ್ತದೆ, ಬೀದಿಯಲ್ಲಿ ಜುಬಾ ಅರಬಿ. ಪೂರ್ವ ಕಾಂಗೋದಲ್ಲಿ ಸ್ವಾಹಿಲಿ, ಮಧ್ಯ ಆಫ್ರಿಕಾ ಗಣರಾಜ್ಯದ ರಾಜಧಾನಿ ಬಾಂಗಿಯಲ್ಲಿ ಸಾಂಗೊ. ಇವನ್ನು ಹೋದ ಮೇಲೆ ಕಲಿತರಾಯಿತು, ಆದರೆ ನಮಸ್ಕಾರ, ಕುಶಲ, ಸಾವಿನ ಮನೆಯಲ್ಲಿ ಆಡುವ ಮಾತು ಇಷ್ಟನ್ನು ಮೊದಲ ತಿಂಗಳೇ ಕಲಿಯಬೇಕು.

ನಿರ್ಣಯ ಓದುವ ಕ್ರಮ

ಪ್ರತಿ ಕಾರ್ಯಾಚರಣೆಗೂ ಭದ್ರತಾ ಮಂಡಳಿಯ ಒಂದು ನಿರ್ಣಯವೇ ಆಧಾರ. ಅದರಲ್ಲಿ ಕೊಟ್ಟ ಹೊಣೆಗೆ ಮ್ಯಾಂಡೇಟ್ ಎನ್ನುತ್ತಾರೆ. ದಕ್ಷಿಣ ಸುಡಾನ್ ಸ್ವತಂತ್ರವಾಗುವ ಹಿಂದಿನ ದಿನ, 2011ರ ಜುಲೈ 8ರಂದು, 1996ನೇ ನಿರ್ಣಯದಿಂದ ಅಲ್ಲಿನ ಶಾಂತಿಪಾಲನಾ ಕಾರ್ಯಾಚರಣೆ ಯುಎನ್‌ಮಿಸ್ ಹುಟ್ಟಿತು. ಹೊಸ ದೇಶ ಕಟ್ಟಲು ಸರ್ಕಾರಕ್ಕೆ ನೆರವಾಗುವುದು ಆಗಿನ ಹೊಣೆ. 2013ರ ಡಿಸೆಂಬರ್‌ನಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. 2014ರ ಮೇ ತಿಂಗಳ 2155ನೇ ನಿರ್ಣಯ ನಾಗರಿಕರ ರಕ್ಷಣೆಯನ್ನು ಮುಂದಕ್ಕೆ ತಂದು, ದೇಶ ಕಟ್ಟುವ ಕೆಲಸವನ್ನು ಕೈಬಿಟ್ಟಿತು. ಕಾರಣ ಸರಳ: ನೆರವು ಪಡೆಯಬೇಕಾದ ಸರ್ಕಾರವೇ ಈಗ ಯುದ್ಧದ ಒಂದು ಪಕ್ಷ. ಹಳೆಯ ಮ್ಯಾಂಡೇಟ್ ತಲೆಯಲ್ಲಿಟ್ಟುಕೊಂಡು ಸರ್ಕಾರಿ ಅಧಿಕಾರಿಗೆ ‘ನಾವು ನೆರವಾಗುತ್ತೇವೆ’ ಎಂದು ಒಂದು ಮಾತು ಕೊಟ್ಟರೂ ಎದುರು ಪಕ್ಷದವರ ಕಣ್ಣಲ್ಲಿ ಇಡೀ ಪಡೆ ಪಕ್ಷಪಾತಿಯಾಗುತ್ತದೆ.

ಓದುವಾಗ ಮುನ್ನುಡಿಯ ಸಾಲುಗಳನ್ನು ಬೇಗ ದಾಟಿ. ಅಂಕಿ ಹಾಕಿದ ಪ್ಯಾರಾಗಳಲ್ಲಿ ಕ್ರಿಯಾಪದಕ್ಕೆ ಗೆರೆ ಎಳೆಯಿರಿ. ‘ನಿರ್ಧರಿಸುತ್ತದೆ’, ‘ಕೋರುತ್ತದೆ’, ‘ಒತ್ತಾಯಿಸುತ್ತದೆ’, ‘ಸ್ವಾಗತಿಸುತ್ತದೆ’ ಇವುಗಳ ತೂಕ ಒಂದೇ ಅಲ್ಲ. ಕಳೆದ ವರ್ಷದ ನಿರ್ಣಯವನ್ನು ಪಕ್ಕದಲ್ಲಿಟ್ಟು ಯಾವ ಪದ ಸೇರಿತು, ಯಾವುದು ಬಿಟ್ಟುಹೋಯಿತು ಎಂದು ನೋಡಿ. ರಾಜಕೀಯ ಇರುವುದು ಆ ವ್ಯತ್ಯಾಸದಲ್ಲಿ.

ಬೆಂಗಳೂರಿನಲ್ಲೇ ಅಭ್ಯಾಸ

ಈ ಕೆಲಸದ ಜೀವಾಳ ವರದಿ. ಅದನ್ನು ಕಲಿಯಲು ಆಫ್ರಿಕಾಕ್ಕೆ ಹೋಗಬೇಕಿಲ್ಲ, ಕಾವೇರಿ ವಿವಾದವೊಂದು ಸಾಕು. ಇಷ್ಟು ಒಳ್ಳೆಯ ಪಾಠಶಾಲೆ ಮನೆ ಬಾಗಿಲಲ್ಲೇ ಇರುವುದು ನಮ್ಮ ಭಾಗ್ಯ. ಒಂದು ಹಾಳೆಯಲ್ಲಿ ಪಾತ್ರಧಾರಿಗಳ ನಕ್ಷೆ ಬರೆಯಿರಿ: ಎರಡು ರಾಜ್ಯ ಸರ್ಕಾರಗಳು, ಕೇಂದ್ರ, ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ, ಮಂಡ್ಯದ ರೈತ ಸಂಘಗಳು, ತಂಜಾವೂರಿನ ರೈತರು, ಬೆಂಗಳೂರಿನ ಜಲಮಂಡಳಿ, ಕನ್ನಡಪರ ಸಂಘಟನೆಗಳು. ಪ್ರತಿಯೊಬ್ಬರ ಮುಂದೆ ನಾಲ್ಕು ಕಲಂ: ಬಹಿರಂಗವಾಗಿ ಕೇಳುವುದೇನು, ನಿಜಕ್ಕೂ ಬೇಕಿರುವುದೇನು, ಯಾರ ಮಾತು ಕೇಳುತ್ತಾರೆ, ಏನನ್ನು ಬಿಟ್ಟುಕೊಡಬಲ್ಲರು. 2018ರ ಫೆಬ್ರುವರಿ 16ರ ಸುಪ್ರೀಂ ಕೋರ್ಟ್ ತೀರ್ಪು ಕರ್ನಾಟಕಕ್ಕೆ 284.75 ಟಿಎಂಸಿ ಕೊಟ್ಟಿತು, ಅದರಲ್ಲಿ ಹೊಸದಾಗಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆ. ಈ ಒಂದೇ ಅಂಕಿಯನ್ನು ಬೆಂಗಳೂರಿನವರು, ಮಂಡ್ಯದವರು ಬೇರೆ ಬೇರೆಯಾಗಿ ಓದುತ್ತಾರೆ. ಆ ಬೇರೆತನವನ್ನು ಯಾರ ಪರವೂ ವಾಲದೆ ಎರಡು ವಾಕ್ಯದಲ್ಲಿ ಬರೆಯಲು ಬಂದರೆ ನೀವು ಅರ್ಧ ತಯಾರಾದಂತೆ. ಕನ್ನಡಿಗರಾಗಿ ಇದನ್ನು ಬರೆಯುವುದು ಕಷ್ಟ, ಅದಕ್ಕೇ ಇದು ಒಳ್ಳೆಯ ಅಭ್ಯಾಸ.

ಎರಡನೆಯ ಅಭ್ಯಾಸ ಫ್ರೀಡಂ ಪಾರ್ಕಿನಲ್ಲಿ. ಪ್ರತಿಭಟನೆಯೊಂದಕ್ಕೆ ಹೋಗಿ ಜನರನ್ನು ಎಣಿಸಿ. ಸಂಘಟಕರನ್ನು ಕೇಳಿದರೆ ಒಂದು ಸಂಖ್ಯೆ, ಪೊಲೀಸರನ್ನು ಕೇಳಿದರೆ ಇನ್ನೊಂದು. ನೀವು ಜಾಗವನ್ನು ಅಳೆಯಿರಿ. ಕೈ ಚಾಚಿದರೆ ಪಕ್ಕದವರಿಗೆ ತಾಗುವಷ್ಟು ವಿರಳವಾಗಿದ್ದರೆ ಒಬ್ಬರಿಗೆ ಸುಮಾರು 10 ಚದರ ಅಡಿ, ಒತ್ತೊತ್ತಾಗಿದ್ದರೆ ಸುಮಾರು 4.5 ಚದರ ಅಡಿ. 100 ಅಡಿ ಉದ್ದ, 50 ಅಡಿ ಅಗಲದ ಜಾಗದಲ್ಲಿ ವಿರಳವಾಗಿದ್ದರೆ 500 ಜನ, ಒತ್ತಾಗಿದ್ದರೆ 1,100. ವರದಿಯಲ್ಲಿ ಮೂರೂ ಸಂಖ್ಯೆ ಬರಲಿ, ಯಾವುದು ಯಾರದೆಂದು ಹೇಳಿ.

ಆಮೇಲೆ ಒಂದು ಪುಟದ ವರದಿ ಬರೆಯಿರಿ. ಉದಾಹರಣೆಗೆ, ‘ಮಂಡ್ಯದಲ್ಲಿ ರೈತರು ಭಾರೀ ಪ್ರತಿಭಟನೆ ನಡೆಸಿದರು, ಪರಿಸ್ಥಿತಿ ಉದ್ವಿಗ್ನವಾಗಿದೆ’ ಎಂಬ ವಾಕ್ಯದಿಂದ ಯಾರಿಗೂ ಉಪಯೋಗವಿಲ್ಲ. ‘ಸಂಜೆ 4ರಿಂದ 6ರವರೆಗೆ ಸುಮಾರು 400 ಜನ ಸಂಜಯ ವೃತ್ತದಲ್ಲಿ ರಸ್ತೆ ತಡೆದರು, ಬಂಧನವಾಗಿಲ್ಲ, ಶುಕ್ರವಾರದೊಳಗೆ ನೀರು ನಿಲ್ಲಿಸದಿದ್ದರೆ ಹೆದ್ದಾರಿ ಬಂದ್ ಎಂದು ಸಂಘದ ಮುಖಂಡರು ಹೇಳಿದರು’ ಎಂದರೆ ಓದಿದವರು ಶುಕ್ರವಾರಕ್ಕೆ ಮೊದಲು ಏನಾದರೂ ಮಾಡಬಹುದು. ವಿಶೇಷಣ ಬಂದಲ್ಲೆಲ್ಲ ಅದನ್ನು ಹೊಡೆದು ಅಂಕಿ, ಹೊತ್ತು, ಜಾಗ ಹಾಕಿ.

ವರದಿಯ ಕಟ್ಟು ಹೀಗಿರಲಿ. ಮೊದಲ ಮೂರು ಸಾಲಿನಲ್ಲಿ ಸಾರಾಂಶ: ಏನಾಯಿತು, ಏಕೆ ಮುಖ್ಯ, ಮುಂದೇನು. ನಂತರ ನಡೆದದ್ದು. ಕೊನೆಗೆ ‘ಕಾಮೆಂಟ್’ ಎಂಬ ಬೇರೆ ಶೀರ್ಷಿಕೆಯಡಿ ನಿಮ್ಮ ಅಂದಾಜು. ನಡೆದದ್ದಕ್ಕೆ ಅಂದಾಜು ಬೆರೆತರೆ ಅದು ವರದಿಯೇ ಅಲ್ಲ. ಕ್ರಿಯಾಪದದಲ್ಲೂ ಎಚ್ಚರ ಬೇಕು. ಇಂಗ್ಲಿಷ್‌ನಲ್ಲಿ ‘ಸೆಡ್’ ತಟಸ್ಥ, ‘ಕ್ಲೇಮ್ಡ್’ ಎಂದರೆ ನೀವು ನಂಬಿಲ್ಲವೆಂಬ ಸುಳಿವು, ‘ಅಡ್ಮಿಟೆಡ್’ ಎಂದರೆ ತಪ್ಪೊಪ್ಪಿಗೆ. ಕಾಗುಣಿತ ಆಕ್ಸ್‌ಫರ್ಡ್ ನಿಘಂಟಿನಂತೆ: ‘ಆರ್ಗನೈಜೇಶನ್’ ಪದಕ್ಕೆ ಎಸ್ ಅಲ್ಲ, ಝಡ್. ‘ಲೇಬರ್’ಗೆ ಬ್ರಿಟಿಷರ ಯು ಇರಲಿ.

ಅರ್ಜಿ, ಪರೀಕ್ಷೆ, ಸಂದರ್ಶನ

ಸಿಬ್ಬಂದಿ ಹುದ್ದೆಗೆ ‘ಇನ್‌ಸ್ಪೈರಾ’ ಜಾಲತಾಣ, ಸ್ವಯಂಸೇವಕ ಹುದ್ದೆಗೆ ಯುಎನ್‌ವಿಯ ಸ್ವಂತ ಪೋರ್ಟಲ್. ಕಡೆಯ ದಿನ ರಾತ್ರಿ 11:59 ಎಂದರೆ ನ್ಯೂಯಾರ್ಕ್ ಸಮಯ. ಅಲ್ಲಿ ಬೇಸಿಗೆಯಾದರೆ ನಮಗೆ ಮರುದಿನ ಬೆಳಿಗ್ಗೆ 9:29, ಚಳಿಗಾಲವಾದರೆ 10:29. ಕೊನೆಯ ಗಂಟೆಗೆ ಬಿಡಬೇಡಿ. ಉದ್ಯೋಗದ ಇತಿಹಾಸದಲ್ಲಿ ತಿಂಗಳುಗಳು ಬಿಟ್ಟುಹೋಗದಿರಲಿ, ಅನುಭವವನ್ನು ತಿಂಗಳ ಲೆಕ್ಕದಲ್ಲೇ ಕೂಡುತ್ತಾರೆ. ಜಾಹೀರಾತಿನ ಹೊಣೆಗಳಲ್ಲಿ ನೀವು ಮಾಡಿರುವಂಥವನ್ನು ಅದೇ ಪದಗಳಲ್ಲಿ ಬರೆಯಿರಿ. ‘ಎನ್‌ಜಿಒದಲ್ಲಿ ಕೆಲಸ’ ಎಂದರೆ ಏನೂ ಹೇಳಿದಂತಾಗದು. ‘ತಿಂಗಳಿಗೆ 4 ಕ್ಷೇತ್ರ ವರದಿ ಬರೆದೆ, 3 ತಾಲ್ಲೂಕಿನ ಅಧಿಕಾರಿಗಳೊಂದಿಗೆ ಸಂಪರ್ಕವಿಟ್ಟುಕೊಂಡೆ’ ಎಂದರೆ ತಿಳಿಯುತ್ತದೆ.

ಮುಂದಿನ ಹಂತ ಸಾಮಾನ್ಯವಾಗಿ ಲಿಖಿತ ಪರೀಕ್ಷೆ. ಐದಾರು ಪುಟದ ಮಾಹಿತಿ ಕೊಟ್ಟು ಒಂದೆರಡು ಪುಟದ ಟಿಪ್ಪಣಿ ಕೇಳುತ್ತಾರೆ. ಜನ ಸೋಲುವುದು ಎಲ್ಲವನ್ನೂ ತುರುಕಲು ಹೋಗಿ. ಸಂದರ್ಶನದಲ್ಲಿ ಅಭಿಪ್ರಾಯ ಕೇಳುವುದಕ್ಕಿಂತ ‘ಹಿಂದೆ ಇಂಥ ಸಂದರ್ಭದಲ್ಲಿ ಏನು ಮಾಡಿದಿರಿ’ ಎಂದು ಕೇಳುವುದೇ ಹೆಚ್ಚು. ಸಂದರ್ಭ, ನೀವು ಮಾಡಿದ್ದು, ಫಲಿತಾಂಶ ಎಂಬ ಕ್ರಮದಲ್ಲಿ ಆರು ನಿಜವಾದ ಪ್ರಸಂಗಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ. ‘ನಾವು ಮಾಡಿದೆವು’ ಎನ್ನುವುದು ನಮ್ಮ ಸಂಸ್ಕಾರ, ಆದರೆ ಅಲ್ಲಿ ನಿಮ್ಮ ಪಾಲು ಎಷ್ಟು ಎಂದು ಹೇಳಲೇಬೇಕು.

ವಿಶ್ವಸಂಸ್ಥೆ ಯಾವ ಹಂತದಲ್ಲೂ ಶುಲ್ಕ ಕೇಳುವುದಿಲ್ಲ. ಅರ್ಜಿಗೆ, ತರಬೇತಿಗೆ, ವೀಸಾಕ್ಕೆ ಹಣ ಕೇಳಿದವರು ಮೋಸಗಾರರೇ.

ಹೊರಡುವ ಮುನ್ನ

ಕಾಂಗೋ, ದಕ್ಷಿಣ ಸುಡಾನ್, ಮಧ್ಯ ಆಫ್ರಿಕಾ ಗಣರಾಜ್ಯಕ್ಕೆ ಹಳದಿ ಜ್ವರದ ಲಸಿಕೆ ಕಡ್ಡಾಯ. ಸರ್ಕಾರ ಗುರುತಿಸಿದ ಕೇಂದ್ರದಲ್ಲಿ ಮಾತ್ರ ಹಾಕಿಸಿಕೊಳ್ಳಬೇಕು. ಪ್ರಮಾಣಪತ್ರ ಜಾರಿಗೆ ಬರುವುದು 10 ದಿನಗಳ ನಂತರ, ಹಾಗಾಗಿ ಟಿಕೆಟ್ ಬಂದ ಮೇಲೆ ಓಡಿದರೆ ತಡವಾಗುತ್ತದೆ. ಪುಸ್ತಿಕೆಯನ್ನು ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳಿ, ಮರಳಿ ಬರುವಾಗ ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ಅದಿಲ್ಲದಿದ್ದರೆ ಕ್ವಾರಂಟೈನ್ ಮಾಡಬಹುದು. ‘ಬಿಸೇಫ್’ ಎಂಬ ಆನ್‌ಲೈನ್ ಭದ್ರತಾ ತರಬೇತಿಯನ್ನು ಮುಗಿಸಿ ಪ್ರಮಾಣಪತ್ರದ ಎರಡು ಪ್ರತಿ ಇಟ್ಟುಕೊಳ್ಳಿ. ಮನೆಯವರಿಗೆ ಒಂದು ವಿಷಯ ಮೊದಲೇ ಹೇಳಿ: ಇಂಥ ಹಲವು ಊರುಗಳಿಗೆ ಕುಟುಂಬವನ್ನು ಕರೆದೊಯ್ಯಲು ಅನುಮತಿ ಇರುವುದಿಲ್ಲ.

ಅಲ್ಲಿ ಎಡವುವುದು ಎಲ್ಲಿ

ಮೊದಲನೆಯದು ಒಂದೇ ಬಾಯಿಯ ಸುದ್ದಿ. ಮೂವರು ಒಂದೇ ಮಾತು ಹೇಳಿದರೆ ಮೂರು ಸಾಕ್ಷಿ ಸಿಕ್ಕಿತೆಂದು ಹೊಸಬರು ಬರೆದುಬಿಡುತ್ತಾರೆ. ಮೂವರೂ ಅದೇ ರೇಡಿಯೊ ಕೇಳಿರಬಹುದು. ‘ನಿಮಗೆ ಹೇಗೆ ಗೊತ್ತಾಯಿತು? ನೀವು ಕಣ್ಣಾರೆ ನೋಡಿದಿರಾ?’ ಎಂದು ಪ್ರತಿಯೊಬ್ಬರನ್ನೂ ಕೇಳಿ, ಉತ್ತರವನ್ನೂ ಬರೆಯಿರಿ. ಹಳ್ಳಿಯೊಂದಕ್ಕೆ ಬೆಂಕಿ ಬಿತ್ತೆಂಬ ತಪ್ಪು ಸುದ್ದಿ ಗಸ್ತು ಪಡೆಯನ್ನು ಬೇರೆ ಕಡೆಗೆ ಎಳೆದರೆ, ನಿಜವಾಗಿ ಅಪಾಯದಲ್ಲಿದ್ದ ಊರು ಕಾವಲಿಲ್ಲದೆ ಉಳಿಯುತ್ತದೆ.

ಎರಡನೆಯದು ಹೆಸರು. ಗುಟ್ಟಾಗಿ ಮಾತಾಡಿದ ಮುಖಂಡನ ಹೆಸರು, ಊರು, ಹುದ್ದೆ ಮೂರೂ ಒಂದೇ ವಾಕ್ಯದಲ್ಲಿ ಬಂದು, ಆ ಕಾಗದ ಸೋರಿದರೆ ಅವನ ಜೀವಕ್ಕೇ ಸಂಚಕಾರ. ಹೆಸರನ್ನು ಬೇರೆ ಕಡತದಲ್ಲಿಡಿ. ಕಾಗದಗಳಿಗೆ ಸ್ಟ್ರಿಕ್ಟ್‌ಲಿ ಕಾನ್ಫಿಡೆನ್ಷಿಯಲ್, ಕಾನ್ಫಿಡೆನ್ಷಿಯಲ್, ಅನ್‌ಕ್ಲಾಸಿಫೈಡ್ ಎಂಬ ಮೂರು ದರ್ಜೆಗಳಿವೆ. ಬರೆಯಲು ಶುರು ಮಾಡುವ ಮೊದಲೇ ದರ್ಜೆ ಹಾಕಿ. ಅವಸರಕ್ಕೆ ಕರಡನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಅಭ್ಯಾಸ ಮೊದಲ ದಿನದಿಂದಲೇ ಬೇಡ.

ಮೂರನೆಯದು ನಿಮ್ಮ ದೇಶ. ವಿಶ್ವಸಂಸ್ಥೆಯ ಸನ್ನದಿನ 100ನೇ ವಿಧಿಯ ಪ್ರಕಾರ ಸಿಬ್ಬಂದಿ ಯಾವ ಸರ್ಕಾರದಿಂದಲೂ ಆದೇಶ ಕೇಳುವಂತಿಲ್ಲ, ಪಡೆಯುವಂತಿಲ್ಲ. ಭಾರತೀಯ ಬೆಟಾಲಿಯನ್ ಅದೇ ಊರಿನಲ್ಲಿದ್ದರೆ ಅವರ ಮೆಸ್‌ನಲ್ಲಿ ಊಟ ಮಾಡಿ, ಹಬ್ಬ ಆಚರಿಸಿ. ಆದರೆ ಸಭೆಯ ಮಾತು ಅಲ್ಲಿಗೆ ಹೋಗಬಾರದು. ಫೇಸ್‌ಬುಕ್‌ನಲ್ಲಿ ನಮ್ಮ ಚುನಾವಣೆಯ ಬಗ್ಗೆ ಬರೆಯುವ ಚಟವನ್ನೂ ಬಿಡಬೇಕಾಗುತ್ತದೆ.

ನಾಲ್ಕನೆಯದು ದುಭಾಷಿ. ನೋಟ ಅವರ ಕಡೆಗಲ್ಲ, ಮಾತಾಡುತ್ತಿರುವವರ ಕಡೆಗಿರಲಿ. ಎರಡು ವಾಕ್ಯಕ್ಕೊಮ್ಮೆ ನಿಲ್ಲಿಸಿ. ಐದು ನಿಮಿಷದ ಮಾತಿಗೆ ‘ಇಲ್ಲ ಅಂದರು’ ಎಂಬ ಅನುವಾದ ಬಂದರೆ ಸಭೆ ಮುಗಿದ ಮೇಲೆ ಕೂತು ಉಳಿದದ್ದನ್ನು ಕೇಳಿ ಬರೆದುಕೊಳ್ಳಿ. ಟಿಪ್ಪಣಿಯನ್ನು ಅಂದೇ ರಾತ್ರಿ ಟೈಪ್ ಮಾಡಬೇಕು, ಮರುದಿನಕ್ಕೆ ನೆನಪು ತನ್ನದೇ ಕತೆ ಕಟ್ಟಿರುತ್ತದೆ.

ಅವಧಿ ಮುಗಿಯುವ ಒಂದು ತಿಂಗಳ ಮೊದಲೇ ಹಸ್ತಾಂತರ ಟಿಪ್ಪಣಿ ಶುರು ಮಾಡಿ. ಯಾರು ಫೋನ್ ಎತ್ತುತ್ತಾರೆ, ಯಾರು ಎದುರಿಗೆ ಕೂತರೆ ಮಾತ್ರ ಮಾತಾಡುತ್ತಾರೆ, ಯಾರಿಗೆ ಯಾವ ಮಾತು ಕೊಟ್ಟಿದ್ದೀರಿ, ಅದರಲ್ಲಿ ಈಡೇರದೆ ಉಳಿದದ್ದೆಷ್ಟು. ಆ ಪಟ್ಟಿಯನ್ನು ಮುಂದೆ ಬರುವವರ ಜೊತೆ ಕೂತು ಓದಿ, ಆಮೇಲೆ ಇಬ್ಬರೂ ಒಟ್ಟಿಗೆ ಹೋಗಿ ಆ ಜನರಿಗೆ ಮುಖ ತೋರಿಸಿ ಬನ್ನಿ.