ಬ್ಲೇಡ್ ಸರ್ವರ್‌ಗೆ ಇನ್ನೆರಡು ನೆಟ್‌ವರ್ಕ್ ಪೋರ್ಟ್ ಬೇಕಾ? ಮೊದಲು ಚಾಸಿಯ ಹಿಂಬದಿ ನೋಡಿ

ಬೆಂಗಳೂರಿನ ದೊಡ್ಡ ಆಫೀಸುಗಳು ಕೆಲವು ವರ್ಷ ದುಡಿಸಿ ಕೈಬಿಟ್ಟ ಸರ್ವರ್‌ಗಳು ಎಸ್.ಪಿ. ರೋಡಿನ ಅಂಗಡಿಗಳಿಗೆ ಬರುತ್ತವೆ. ಅಲ್ಲಿಂದ ಸುಮಾರು 260 ಕಿಲೋಮೀಟರ್ ದಾಟಿ ದಾವಣಗೆರೆಯ ಯಾವುದೋ ಕಾಲೇಜಿನ ಲ್ಯಾಬಿಗೋ, ನರ್ಸಿಂಗ್ ಹೋಮಿನ ಮಹಡಿಗೋ, ಪಿ.ಬಿ. ರೋಡಿನ ಸಣ್ಣ ಸಾಫ್ಟ್‌ವೇರ್ ಆಫೀಸಿಗೋ ಬಂದು ಕೂರುತ್ತವೆ. ಅವುಗಳಲ್ಲಿ ಬ್ಲೇಡ್ ಸರ್ವರ್‌ಗಳೂ ಇರುತ್ತವೆ, ಅಂದರೆ ಚಾಸಿ ಎಂಬ ಒಂದೇ ದೊಡ್ಡ ಪೆಟ್ಟಿಗೆಯೊಳಗೆ ಸಾಲಾಗಿ ಕೂರುವ ತೆಳ್ಳನೆಯ ಸರ್ವರ್‌ಗಳು. ಬೆಲೆ ಕಡಿಮೆ, ತಾಕತ್ತು ಜಾಸ್ತಿ, ಬಿಡೋಕೆ ಮನಸ್ಸಾಗಲ್ಲ. ಆದರೆ ಸ್ವಲ್ಪ ದಿನ ಬಳಸಿದ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ: ಒಂದೊಂದು ಬ್ಲೇಡಿಗೆ ಎರಡೇ ನೆಟ್‌ವರ್ಕ್ ಪೋರ್ಟ್ ಇದೆಯಲ್ಲ, ಇನ್ನೆರಡು ಹಾಕುವುದು ಹೇಗೆ?

ಮಾಮೂಲಿ ರ‍್ಯಾಕ್ ಸರ್ವರ್ ಆಗಿದ್ದರೆ ಉತ್ತರ ಸುಲಭ. ಪಿಸಿಐ ಕಾರ್ಡ್ ತಂದು ಹಾಕಿ, ಹಿಂದೆ ಕೇಬಲ್ ಚುಚ್ಚಿದರೆ ಆಯಿತು. ಬ್ಲೇಡಿನಲ್ಲಿ ಹಾಗಾಗಲ್ಲ. ಬ್ಲೇಡಿಗೆ ಕೇಬಲ್ ಚುಚ್ಚುವ ಜಾಗವೇ ಇಲ್ಲ. ಒಳಗಿನ ಪೋರ್ಟುಗಳೆಲ್ಲ ಚಾಸಿಯ ನಡುವೆ ನಿಂತಿರುವ ಮಿಡ್‌ಪ್ಲೇನ್ ಎಂಬ ದೊಡ್ಡ ಬೋರ್ಡಿನ ಮೂಲಕ ಹಿಂಬದಿಯ ಸ್ವಿಚ್ ಬೇಗಳಿಗೆ, ಅಂದರೆ ಸ್ವಿಚ್ ಕೂರಿಸುವ ಗೂಡುಗಳಿಗೆ, ಹೋಗುತ್ತವೆ. ಯಾವ ಪೋರ್ಟು ಯಾವ ಬೇಗೆ ಹೋಗಬೇಕು ಅನ್ನುವುದು ಕಾರ್ಖಾನೆಯಲ್ಲೇ ತೀರ್ಮಾನವಾಗಿರುತ್ತದೆ, ನಾವು ಬದಲಾಯಿಸುವ ಹಾಗಿಲ್ಲ. ಆ ಬೇಯಲ್ಲಿ ಸ್ವಿಚ್ ಇಲ್ಲದಿದ್ದರೆ ನೀವು ಎಂಥ ಕಾರ್ಡ್ ಹಾಕಿದರೂ ಅಷ್ಟೇ, ಹಿಂದೆ ಪೈಪೇ ಇಲ್ಲದ ಗೋಡೆಗೆ ನಲ್ಲಿ ಕೂರಿಸಿದ ಹಾಗೆ. ಹಾಗಾಗಿ ಈ ಕೆಲಸದ ಬಹುಪಾಲು ಕಾರ್ಡ್ ಕೊಳ್ಳುವ ಮೊದಲೇ ಮುಗಿಯಬೇಕು. ಸ್ಕ್ರೂಡ್ರೈವರ್ ಹಿಡಿಯುವ ಭಾಗ ಹತ್ತು ನಿಮಿಷದ್ದು.

ನಿಜವಾಗಿಯೂ ಪೋರ್ಟ್ ಬೇಕಾ?

ಇದನ್ನು ಮೊದಲು ಕೇಳಿಕೊಳ್ಳಿ, ದುಡ್ಡು ಉಳಿಯಬಹುದು. ಕಚೇರಿ ಟ್ರಾಫಿಕ್ ಬೇರೆ, ಲ್ಯಾಬ್ ಬೇರೆ, ಮ್ಯಾನೇಜ್‌ಮೆಂಟ್ ಬೇರೆ ಇರಲಿ ಅನ್ನುವುದಷ್ಟೇ ನಿಮ್ಮ ಆಸೆಯಾದರೆ ವಿಲ್ಯಾನ್ ಸಾಕು. ಒಂದೇ ಪೋರ್ಟಿನಲ್ಲಿ ಟ್ಯಾಗ್ ಹಾಕಿ ಹತ್ತು ನೆಟ್‌ವರ್ಕ್ ಬೇಕಾದರೂ ಓಡಿಸಬಹುದು. ಎಚ್‌ಪಿ ಚಾಸಿಯಲ್ಲಿ ಫ್ಲೆಕ್ಸ್-10 ವರ್ಚುವಲ್ ಕನೆಕ್ಟ್ ಎಂಬ ಸ್ವಿಚ್ ಥರದ ಮಾಡ್ಯೂಲ್ ಇದ್ದು, ಬ್ಲೇಡಿನಲ್ಲೂ ಅದಕ್ಕೆ ಹೊಂದುವ ಅಡಾಪ್ಟರ್ ಇದ್ದರೆ 10 ಗಿಗಾಬಿಟ್‌ನ ಒಂದು ಪೋರ್ಟನ್ನು ನಾಲ್ಕು ಭಾಗ ಮಾಡಬಹುದು. ಆಪರೇಟಿಂಗ್ ಸಿಸ್ಟಮ್‌ಗೆ ಅವು ನಾಲ್ಕು ಬೇರೆ ಬೇರೆ ಕಾರ್ಡುಗಳಂತೆಯೇ ಕಾಣುತ್ತವೆ, ಎರಡು ಪೋರ್ಟಿಗೆ ಎಂಟು. ಡೆಲ್‌ನಲ್ಲಿ ಇದೇ ಕೆಲಸಕ್ಕೆ ಎನ್‌ಪಾರ್ ಅನ್ನುತ್ತಾರೆ. ಎಷ್ಟೋ ಜನ ಈ ಸೌಲಭ್ಯ ಕೈಯಲ್ಲೇ ಇಟ್ಟುಕೊಂಡು ಸುಮ್ನೆ ಕಾರ್ಡ್ ಹುಡುಕುತ್ತಾರೆ.

ಕಾರ್ಡ್ ಬೇಕಾಗುವುದು ಬೇರೆ ಕಾರಣಗಳಿಗೆ. ಐಸ್ಕಸಿ ಸ್ಟೋರೇಜ್ (ನೆಟ್‌ವರ್ಕ್ ಮೂಲಕ ಬಳಸುವ ಡಿಸ್ಕ್) ಇದೆ, ಅದರ ಟ್ರಾಫಿಕ್ ಬೇರೆ ತಂತಿಯಲ್ಲೇ ಹೋಗಬೇಕು. ರಾತ್ರಿ ಬ್ಯಾಕಪ್ ಶುರುವಾದರೆ ಉಳಿದೆಲ್ಲ ಕೆಲಸ ನಿಂತುಹೋಗುತ್ತಿದೆ. ಹೊರಗಿನ ಜನ ಬಳಸುವ ಸರ್ವರ್ ಒಳಗಿನ ನೆಟ್‌ವರ್ಕಿನಿಂದ ಪೂರ್ತಿ ಬೇರೆ ಇರಲಿ ಅಂತ ಆಡಿಟ್‌ನವರು ಹಟ ಹಿಡಿದಿದ್ದಾರೆ. ಇಂಥದ್ದಿದ್ದರೆ ಮುಂದೆ ಓದಿ.

ಯಾವ ಸ್ಲಾಟು ಯಾವ ಬೇಗೆ?

ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಸಿಗುವ ಎಚ್‌ಪಿ ಸಿ7000 ಚಾಸಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 2006ರಲ್ಲಿ ಬಂದದ್ದು, 10 ಯೂನಿಟ್ ಎತ್ತರ, ಮುಂದೆ 16 ಅರ್ಧ ಎತ್ತರದ ಬ್ಲೇಡ್, ಹಿಂದೆ 8 ಬೇ. ಈ ಬೇಗಳು ಎರಡೆರಡರಂತೆ ನಾಲ್ಕು ಸಾಲಿನಲ್ಲಿವೆ. ಬಿಎಲ್460ಸಿ ಥರದ ಅರ್ಧ ಎತ್ತರದ ಬ್ಲೇಡಿನಲ್ಲಿ ಮೊದಲೇ ಇರುವ ಎರಡು ಪೋರ್ಟು 1 ಮತ್ತು 2ನೇ ಬೇಗೆ ಹೋಗುತ್ತವೆ. ಒಳಗೆ ಎರಡು ಮೆಝನೈನ್ ಸ್ಲಾಟ್ ಇವೆ. ನಮಗೆ ಬೇಕಾದ ಎಕ್ಸ್‌ಪಾನ್ಶನ್ ಕಾರ್ಡ್ ಕೂರುವುದು ಇಲ್ಲೇ, ಮದರ್‌ಬೋರ್ಡಿನ ಮೇಲೆ ಮಲಗಿದ ಹಾಗೆ. ಮೊದಲ ಸ್ಲಾಟಿನ ಕಾರ್ಡು 3 ಮತ್ತು 4ನೇ ಬೇಗೆ, ಎರಡನೇ ಸ್ಲಾಟಿನ ಕಾರ್ಡು 5 ಮತ್ತು 6ಕ್ಕೆ. ನಾಲ್ಕು ಪೋರ್ಟಿನ ಕಾರ್ಡಾದರೆ ಎರಡನೇ ಸ್ಲಾಟೇ ಸರಿ, ಅಲ್ಲಿ ಮೂರನೆಯ ಮತ್ತು ನಾಲ್ಕನೆಯ ಪೋರ್ಟು 7 ಮತ್ತು 8ನೇ ಬೇಗೆ ಸಿಗುತ್ತವೆ. ಪೂರ್ತಿ ಎತ್ತರದ ಬ್ಲೇಡಿನ ಲೆಕ್ಕ ಬೇರೆ, ಅದರ ಕೈಪಿಡಿಯನ್ನೇ ನೋಡಬೇಕು.

ಡೆಲ್‌ನ ಎಂ1000ಇ ಚಾಸಿಯಲ್ಲಿ ಇದು ಇನ್ನೂ ಸರಳ. ಎ, ಬಿ, ಸಿ ಅಂತ ಮೂರು ಫ್ಯಾಬ್ರಿಕ್, ಅಂದರೆ ಬ್ಲೇಡಿನಿಂದ ಹಿಂಬದಿಗೆ ಹೋಗುವ ಮೂರು ದಾರಿ. ಎ ಅಂದರೆ ಬ್ಲೇಡಿನದೇ ಪೋರ್ಟು. ಬಿ ಸ್ಲಾಟಿನ ಕಾರ್ಡು ಹಿಂದಿನ ಬಿ1, ಬಿ2ಗೆ, ಸಿ ಸ್ಲಾಟಿನದು ಸಿ1, ಸಿ2ಗೆ. ಐಬಿಎಂ ಬ್ಲೇಡ್‌ಸೆಂಟರ್ ಎಚ್‌ನಲ್ಲಿ ಸಿಐಒವಿ ಅನ್ನುವ ಸಣ್ಣ ಕಾರ್ಡು 3 ಮತ್ತು 4ಕ್ಕೆ ಹೋದರೆ, ಸಿಎಫ್‌ಎಫ್‌ಎಚ್ ಅನ್ನುವುದು 7ರಿಂದ 10ರವರೆಗಿನ ವೇಗದ ಬೇಗಳ ಕಡೆ ಹೋಗುತ್ತದೆ. ಎಚ್‌ಪಿಇಯ ಹೊಸ ಸಿನರ್ಜಿಯಲ್ಲಿ ಜೋಡಿ ಬೇಗಳು ಅಕ್ಕಪಕ್ಕ ಇರುವುದಿಲ್ಲ: ಮೊದಲ ಸ್ಲಾಟು 1 ಮತ್ತು 4ಕ್ಕೆ, ಎರಡನೆಯದು 2 ಮತ್ತು 5ಕ್ಕೆ, ಮೂರನೆಯದು 3 ಮತ್ತು 6ಕ್ಕೆ. ಒಂದು ಕಂಪನಿಯ ಲೆಕ್ಕವನ್ನು ಇನ್ನೊಂದಕ್ಕೆ ಹಚ್ಚಬೇಡಿ.

ಈಗ ಟಾರ್ಚ್ ಹಿಡಿದು ಚಾಸಿಯ ಹಿಂದೆ ಹೋಗಿ. ಎಚ್‌ಪಿಯ 3, 4ನೇ ಬೇಯಲ್ಲಿ ಏನಿದೆ? ಬರೀ ಪ್ಲಾಸ್ಟಿಕ್ ಮುಚ್ಚಳ ಇದ್ದರೆ ಕಾರ್ಡಿನ ಜೊತೆ ಸ್ವಿಚ್ ಮಾಡ್ಯೂಲ್ ಕೂಡ ಕೊಳ್ಳಬೇಕು, ಅದೇ ದೊಡ್ಡ ಖರ್ಚು. ಸ್ಟೋರೇಜಿಗೆಂದೇ ಇರುವ ಫೈಬರ್ ಚಾನೆಲ್ ಮಾಡ್ಯೂಲ್ ಇದ್ದರೆ ಆ ಸಾಲು ಈಥರ್ನೆಟ್ ಕಾರ್ಡಿಗೆ ದಕ್ಕುವುದಿಲ್ಲ, ಎರಡನೇ ಸ್ಲಾಟು ನೋಡಬೇಕು. ಕಾರ್ಡಿಗೂ ಬೇಗೂ ತಾಳೆಯಾಗದಿದ್ದರೆ ಚಾಸಿಯೇ ತಡೆಯುತ್ತದೆ. ಡೆಲ್‌ನಲ್ಲಂತೂ ಬ್ಲೇಡ್ ಆನ್ ಆಗುವುದೇ ಇಲ್ಲ, ಕಾರ್ಡ್ ಸುಟ್ಟಿದೆ ಅಂತ ಅಂಗಡಿಯವನ ಜೊತೆ ಜಗಳಕ್ಕೆ ನಿಲ್ಲುವ ಮೊದಲು ಇದನ್ನು ನೋಡಿ.

ಇನ್ನೊಂದು ಮಾತು. ಒಂದು ಬೇ ಎಲ್ಲ 16 ಬ್ಲೇಡಿಗೂ ಸೇರಿದ್ದು. ಇವತ್ತು ಒಂದು ಬ್ಲೇಡಿಗಾಗಿ 3 ಮತ್ತು 4ರಲ್ಲಿ ಈಥರ್ನೆಟ್ ಸ್ವಿಚ್ ಕೂರಿಸಿದರೆ, ನಾಳೆ ಇನ್ನೊಂದು ಬ್ಲೇಡಿನ ಮೊದಲ ಸ್ಲಾಟಿಗೆ ಫೈಬರ್ ಚಾನೆಲ್ ಹಾಕುತ್ತೇನೆ ಅಂದರೆ ಆಗದು. ಹಾಗಾಗಿ ಒಂದು ಹಾಳೆಯಲ್ಲಿ ಇಡೀ ಚಾಸಿಯ ಚಿತ್ರ ಬರೆದುಕೊಂಡೇ ಮುಂದುವರಿಯಿರಿ.

ಸ್ವಿಚ್ಚೋ, ಪಾಸ್ ಥ್ರೂನೋ?

ಬೇಗೆ ಹಾಕಲು ಎರಡು ಬಗೆಯ ಮಾಡ್ಯೂಲ್ ಸಿಗುತ್ತವೆ. ಪಾಸ್ ಥ್ರೂ ಅಗ್ಗ, ಅದಕ್ಕೆ ಬುದ್ಧಿ ಇಲ್ಲ, ಬ್ಲೇಡಿಗೊಂದರಂತೆ 16 ಪೋರ್ಟು ಹೊರಗೆ ಕೊಡುತ್ತದೆ ಅಷ್ಟೇ. ಮೂರು ನಾಲ್ಕು ಬ್ಲೇಡ್ ಇರುವ ಕಡೆ ಇದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ, ಸೆಟ್ಟಿಂಗ್ ಏನೂ ಇಲ್ಲ, ನಿಮ್ಮಲ್ಲಿರುವ ಹೊರಗಿನ ಸ್ವಿಚ್ಚಿಗೆ ಕೇಬಲ್ ಎಳೆದರೆ ಮುಗಿಯಿತು. ಬ್ಲೇಡ್ ಜಾಸ್ತಿಯಾದರೆ ಕೇಬಲ್ ಕಾಡು ಬೆಳೆಯುತ್ತದೆ, ಆಗ ಸ್ವಿಚ್ ಮಾಡ್ಯೂಲೇ ಗತಿ. ವೇಗವನ್ನೂ ತಾಳೆ ನೋಡಿ. ಕಾರ್ಡ್ 10 ಗಿಗಾಬಿಟ್ ಇದ್ದು ಮಾಡ್ಯೂಲ್ 1 ಗಿಗಾಬಿಟ್‌ನದಾದರೆ ಕೊಟ್ಟ ಹಣ ದಂಡ.

ಕಾರ್ಡ್ ಕೊಳ್ಳುವಾಗ ನೋಡಬೇಕಾದ್ದು

ಎಚ್‌ಪಿಯಲ್ಲಿ ಕಾರ್ಡುಗಳಿಗೆ ಎರಡು ಬಗೆ. ಹಳೆಯ ತಲೆಮಾರಿನಲ್ಲಿ ಟೈಪ್ 1, ಟೈಪ್ 2, ಜೆನ್8ರಿಂದ ಟೈಪ್ ಎ, ಟೈಪ್ ಬಿ. ಮೊದಲ ಬಗೆಯದು ಎರಡೂ ಸ್ಲಾಟಿಗೆ ಕೂರುತ್ತದೆ, ಎರಡನೆಯದು ಎರಡನೇ ಸ್ಲಾಟಿಗೆ ಮಾತ್ರ. ನಿಮ್ಮ ಬ್ಲೇಡಿನ ಮಾಡೆಲ್ ಮತ್ತು ಜೆನ್ ನಂಬರ್ ಎರಡನ್ನೂ ಬರೆದುಕೊಂಡು, ಅದರ ಕ್ವಿಕ್‌ಸ್ಪೆಕ್ಸ್‌ನಲ್ಲಿ (ಎಚ್‌ಪಿ ಕೊಡುವ ವಿವರ ಪಟ್ಟಿ) ಆ ಕಾರ್ಡಿನ ಹೆಸರು ಇದೆಯೇ ನೋಡಿ. ‘ಎಲ್ಲದಕ್ಕೂ ಆಗುತ್ತೆ ಸರ್’ ಅನ್ನುವ ಅಂಗಡಿ ಮಾತು ನಂಬಬೇಡಿ. ಪಾರ್ಟ್ ನಂಬರಿನ ಫೋಟೋ ವಾಟ್ಸಾಪ್‌ನಲ್ಲಿ ತರಿಸಿಕೊಂಡು ಆಮೇಲೆ ದುಡ್ಡು ಹಾಕಿ. ಇನ್ನೊಂದು ಗುಟ್ಟು: ಕೆಲವು ಬ್ಲೇಡುಗಳಲ್ಲಿ ಒಂದು ಸ್ಲಾಟಿನ ತಂತಿಗಳು ಎರಡನೇ ಪ್ರೊಸೆಸರಿಗೆ ಹೋಗಿರುತ್ತವೆ. ಸಿನರ್ಜಿ 480 ಜೆನ್10ರ ಮೂರನೇ ಸ್ಲಾಟು ಹಾಗೆಯೇ. ಅಂಥ ಬ್ಲೇಡಿನಲ್ಲಿ ಒಂದೇ ಪ್ರೊಸೆಸರ್ ಇದ್ದರೆ ಆ ಸ್ಲಾಟಿಗೆ ಜೀವ ಇರುವುದಿಲ್ಲ.

ಈಗ ಕೈ ಹಾಕಿ

ಪರೀಕ್ಷಾ ಫಾರಂ ತುಂಬುವ ವಾರ, ತಿಂಗಳ ಕೊನೆಯ ಲೆಕ್ಕ, ಇವೆಲ್ಲ ಬಿಟ್ಟು ಒಂದು ಬಿಡುವಿನ ಬೆಳಿಗ್ಗೆ ಇಟ್ಟುಕೊಳ್ಳಿ. ಮೊದಲು ಬ್ಯಾಕಪ್. ಆಮೇಲೆ ಈಗಿರುವ ಪೋರ್ಟುಗಳ ಹೆಸರು ಮತ್ತು ಮ್ಯಾಕ್ ಅಡ್ರೆಸ್ (ಪ್ರತಿ ಪೋರ್ಟಿನ ಗುರುತಿನ ನಂಬರ್) ಬರೆದುಕೊಳ್ಳಿ, ಯಾಕೆಂದರೆ ಹೊಸ ಕಾರ್ಡ್ ಬಂದಾಗ ಕೆಲವು ಸಲ ಹೆಸರುಗಳು ಅದಲು ಬದಲಾಗಿ ಮ್ಯಾನೇಜ್‌ಮೆಂಟ್ ಸಂಪರ್ಕವೇ ಕೈತಪ್ಪುತ್ತದೆ.

ಎಚ್‌ಪಿ ಚಾಸಿಯನ್ನು ನಿಭಾಯಿಸುವ ಆನ್‌ಬೋರ್ಡ್ ಅಡ್ಮಿನಿಸ್ಟ್ರೇಟರ್‌ನಲ್ಲಿ ಆ ಬ್ಲೇಡಿನ ಯುಐಡಿ ಎಂಬ ಗುರುತಿನ ದೀಪ ಹೊತ್ತಿಸಿ. ಹದಿನಾರು ಒಂದೇ ಥರದ ಬ್ಲೇಡುಗಳ ನಡುವೆ ಆ ನೀಲಿ ದೀಪ ಇಲ್ಲದಿದ್ದರೆ ಪಕ್ಕದ್ದನ್ನು ಎಳೆಯುವುದು ಬಲು ಸುಲಭ. ಆಪರೇಟಿಂಗ್ ಸಿಸ್ಟಮ್ ಒಳಗಿನಿಂದಲೇ ಶಟ್‌ಡೌನ್ ಮಾಡಿ, ಪವರ್ ದೀಪ ಹಸಿರಿನಿಂದ ಕಿತ್ತಳೆಗೆ ತಿರುಗುವವರೆಗೆ ಕಾಯಿರಿ. ಚಾಸಿ ಆಫ್ ಮಾಡಬೇಕಿಲ್ಲ, ಉಳಿದ ಬ್ಲೇಡುಗಳು ಓಡುತ್ತಲೇ ಇರಲಿ.

ಕೈಗೆ ಆಂಟಿ ಸ್ಟ್ಯಾಟಿಕ್ ಪಟ್ಟಿ ಕಟ್ಟಿ, ಅದರ ಕ್ಲಿಪ್ ಚಾಸಿಯ ಬಣ್ಣ ಇಲ್ಲದ ಲೋಹಕ್ಕೆ ಹಾಕಿ. ಚಳಿಗಾಲದ ಒಣಗಾಳಿಯಲ್ಲಿ ಇದನ್ನು ಮರೆಯಲೇಬೇಡಿ. ಲಿವರ್ ಎಳೆದು ಬ್ಲೇಡ್ ಹೊರಗೆ ತೆಗೆಯುವಾಗ ಒಂದು ಕೈ ಕೆಳಗಿರಲಿ, ಹಿಡಿದಾಗ ಅನ್ನಿಸುವುದಕ್ಕಿಂತ ಭಾರ ಇರುತ್ತದೆ. ಮೇಜಿನ ಮೇಲಿಟ್ಟು ಮುಚ್ಚಳ ಸರಿಸಿ. ಮೆಝನೈನ್ ಕನೆಕ್ಟರ್ ಮೇಲೆ ಸಣ್ಣ ಪ್ಲಾಸ್ಟಿಕ್ ಟೋಪಿ ಇದ್ದರೆ ಅದನ್ನು ತೆಗೆದು ಎತ್ತಿಡಿ, ಮುಂದೆ ಕಾರ್ಡ್ ತೆಗೆದರೆ ಮತ್ತೆ ಬೇಕು. ಕಾರ್ಡನ್ನು ಅಂಚಿನಲ್ಲಿ ಹಿಡಿದು ಕನೆಕ್ಟರಿಗೆ ಸರಿಯಾಗಿ ಕೂರುವಂತೆ ನೇರ ಮೇಲಿಂದ ಇಳಿಸಿ, ಕನೆಕ್ಟರ್ ಇರುವ ಜಾಗದಲ್ಲೇ ಒತ್ತಿ. ಓರೆಯಾಗಿ ಒತ್ತಿದರೆ ಪಿನ್ನು ಬಾಗುತ್ತದೆ, ಬಾಗಿದ ಪಿನ್ನು ಅಂದರೆ ಮದರ್‌ಬೋರ್ಡಿನ ಕಥೆ ಮುಗಿದ ಹಾಗೆಯೇ. ಸ್ಕ್ರೂಗಳನ್ನು ಒಂದೊಂದನ್ನೇ ಪೂರ್ತಿ ಬಿಗಿಯಬೇಡಿ, ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬಿಗಿಯುತ್ತಾ ಬನ್ನಿ.

ಬ್ಲೇಡನ್ನು ಅದೇ ಬೇಗೆ ವಾಪಸ್ ಹಾಕಿ. 5ನೇ ಜಾಗದ ಅರ್ಧ ಎತ್ತರದ ಬ್ಲೇಡ್ ಸ್ವಿಚ್ಚಿನ ಒಳಗಿನ 5ನೇ ಪೋರ್ಟಿಗೇ ಸೇರುತ್ತದೆ, ಜಾಗ ಬದಲಾದರೆ ಹಳೆಯ ಸೆಟ್ಟಿಂಗೆಲ್ಲ ಬೇರೆಯವರ ಪಾಲು.

ಆನ್ ಆದಮೇಲೆ

ಆನ್‌ಬೋರ್ಡ್ ಅಡ್ಮಿನಿಸ್ಟ್ರೇಟರ್‌ನಲ್ಲಿ ಪೋರ್ಟ್ ಮ್ಯಾಪಿಂಗ್ ಪುಟ ತೆರೆಯಿರಿ. ಹೊಸ ಕಾರ್ಡಿನ ಪೋರ್ಟುಗಳು, ಅವು ಸೇರುವ ಬೇ, ಮ್ಯಾಕ್ ಅಡ್ರೆಸ್ ಎಲ್ಲ ಅಲ್ಲೇ ಕಾಣಬೇಕು. ಲಿನಕ್ಸ್‌ನಲ್ಲಿ ಎಲ್‌ಎಸ್‌ಪಿಸಿಐ (lspci) ಕಮಾಂಡ್ ಕೊಟ್ಟರೆ ಕಾರ್ಡ್ ಕಾಣುತ್ತದೆ, ಐಪಿ ಲಿಂಕ್ (ip link) ಕೊಟ್ಟರೆ ಹೊಸ ಹೆಸರುಗಳು ಕಾಣುತ್ತವೆ. ಮೊದಲನೆಯದರಲ್ಲೇ ಇಲ್ಲ ಅಂದರೆ ಕಾರ್ಡ್ ಸರಿಯಾಗಿ ಕೂತಿಲ್ಲ ಅಥವಾ ಆ ಸ್ಲಾಟಿಗೆ ಪ್ರೊಸೆಸರ್ ಇಲ್ಲ. ಮೊದಲನೆಯದರಲ್ಲಿ ಇದ್ದು ಎರಡನೆಯದರಲ್ಲಿ ಇಲ್ಲ ಅಂದರೆ ಡ್ರೈವರ್ ಸಮಸ್ಯೆ. ಎರಡರಲ್ಲೂ ಇದ್ದು ಲಿಂಕ್ ಬರುತ್ತಿಲ್ಲ ಅಂದರೆ ಹಿಂದಿನ ಮಾಡ್ಯೂಲ್ ನೋಡಿ, ಅದರ ಒಳಪೋರ್ಟು ಆಫ್ ಆಗಿರಬಹುದು. ಸೆಕೆಂಡ್ ಹ್ಯಾಂಡ್ ಕಾರ್ಡಿನ ಫರ್ಮ್‌ವೇರ್ ಹಳೆಯದೇ ಇರುತ್ತದೆ, ಅದನ್ನೂ ಈಗಲೇ ಅಪ್‌ಡೇಟ್ ಮಾಡಿ.

ಇನ್ನು ಜೋಡಿ ಕಟ್ಟುವ ವಿಷಯ, ಅಂದರೆ ಒಂದು ಹೋದರೆ ಇನ್ನೊಂದು ಕೆಲಸ ಮಾಡುವಂತೆ ಎರಡು ಪೋರ್ಟು ಸೇರಿಸುವ ಬಾಂಡಿಂಗ್. ಹೊಸ ಕಾರ್ಡಿನ ಎರಡೂ ಪೋರ್ಟನ್ನೇ ಬಾಂಡಿಂಗ್ ಮಾಡಿದರೆ ಕಾರ್ಡ್ ಹೋದ ದಿನ ಎರಡೂ ಹೋಗುತ್ತವೆ. ಹಳೆಯ ಪೋರ್ಟೊಂದು, ಹೊಸ ಕಾರ್ಡಿನದೊಂದು ಸೇರಿಸಿ ಜೋಡಿ ಮಾಡಿದರೆ ಆ ಭಯ ಇಲ್ಲ, ಎರಡಕ್ಕೂ ವೇಗ ಒಂದೇ ಇರಲಿ ಅಷ್ಟೇ. ಎರಡು ಬೇಗಳ ಸ್ವಿಚ್ಚುಗಳು ಪರಸ್ಪರ ಸ್ಟ್ಯಾಕ್ ಆಗಿ ಒಂದೇ ಸ್ವಿಚ್ಚಿನಂತೆ ಕೆಲಸ ಮಾಡದಿದ್ದರೆ ಎಲ್‌ಎಸಿಪಿ (ಎರಡೂ ಪೋರ್ಟನ್ನು ಒಟ್ಟಿಗೆ ಓಡಿಸುವ ವಿಧಾನ) ಆಸೆ ಬಿಡಿ, ಒಂದು ಓಡಿ ಇನ್ನೊಂದು ಕಾಯುವ ಆ್ಯಕ್ಟಿವ್ ಬ್ಯಾಕಪ್ ಸಾಕು.

ಆ್ಯಕ್ಟಿವ್ ಬ್ಯಾಕಪ್ ಹಾಕಿದವರಲ್ಲಿ ಬಹಳ ಜನ ಗಮನಿಸದ ಒಂದು ವಿಷಯ ಇದೆ. ಬ್ಲೇಡಿಗೆ ಕಾಣುವುದು ಚಾಸಿಯ ಒಳಗಿನ ಸ್ವಿಚ್ಚಿನವರೆಗಿನ ಲಿಂಕ್ ಮಾತ್ರ. ಆ ಸ್ವಿಚ್ಚಿನಿಂದ ಹೊರಗೆ ಹೋಗುವ ಕೇಬಲನ್ನು ಇಲಿ ಕಡಿದರೂ, ಯಾರೋ ಕಾಲಲ್ಲಿ ಎಳೆದರೂ ಬ್ಲೇಡಿನ ಕಡೆ ಲಿಂಕ್ ಅಪ್ ಎಂದೇ ತೋರಿಸುತ್ತದೆ. ಹಾಗಾಗಿ ಬಾಂಡಿಂಗ್ ಇನ್ನೊಂದು ಪೋರ್ಟಿಗೆ ಜಿಗಿಯುವುದಿಲ್ಲ, ಎಲ್ಲ ಸರಿಯಿದ್ದ ಹಾಗೆ ಕಾಣುತ್ತದೆ, ನೆಟ್‌ವರ್ಕ್ ಮಾತ್ರ ಇಲ್ಲ. ಇದಕ್ಕೆ ವರ್ಚುವಲ್ ಕನೆಕ್ಟ್‌ನಲ್ಲಿ ಸ್ಮಾರ್ಟ್ ಲಿಂಕ್ ಅನ್ನುವ ಆಯ್ಕೆ ಇದೆ, ಹೊರಗಿನ ಕೇಬಲ್ ಹೋದರೆ ಅದು ಒಳಗಿನ ಪೋರ್ಟನ್ನೂ ಇಳಿಸುತ್ತದೆ. ಬೇರೆ ಸ್ವಿಚ್ಚುಗಳಲ್ಲೂ ಇಂಥ ಸೌಲಭ್ಯ ಬೇರೆ ಹೆಸರಿನಲ್ಲಿ ಇರುತ್ತದೆ. ಇಲ್ಲದಿದ್ದರೆ ಲಿನಕ್ಸ್ ಬಾಂಡಿಂಗ್‌ನಲ್ಲಿ ಲಿಂಕ್ ಮಾತ್ರ ನೋಡುವ ಮಿಮಾನ್ (miimon) ಬದಲು ಆರ್ಪ್ (ARP) ತಪಾಸಣೆ ಇಡಬಹುದು, ಗೇಟ್‌ವೇಯಿಂದ ಉತ್ತರ ಬಾರದಿದ್ದರೆ ಪೋರ್ಟ್ ಬದಲಾಗುತ್ತದೆ. ಪರೀಕ್ಷೆ ಮಾಡುವಾಗ ಪಿಂಗ್ ಓಡಿಸಿಟ್ಟು ಹಿಂದೆ ಹೋಗಿ, ಸ್ವಿಚ್ಚಿನಿಂದ ಹೊರಗೆ ಹೋಗುವ ಅಪ್‌ಲಿಂಕ್ ಕೇಬಲನ್ನೇ ಕೀಳಿ. ಸಾಫ್ಟ್‌ವೇರಿನಲ್ಲಿ ಪೋರ್ಟ್ ಡೌನ್ ಮಾಡಿ ನೋಡುವುದು ಪರೀಕ್ಷೆಯೇ ಅಲ್ಲ.

ಕಾರ್ಡ್ ಜಾಸ್ತಿಯಾದರೆ ಕರೆಂಟೂ ಜಾಸ್ತಿ, ಬಿಸಿಯೂ ಜಾಸ್ತಿ. ಒಂದು ಕಾರ್ಡಿನದು ದೊಡ್ಡದಲ್ಲ, ಆದರೆ ಹತ್ತು ಬ್ಲೇಡಿಗೆ ಕಾರ್ಡು, ಹಿಂದೆ ಎರಡು ಹೊಸ ಸ್ವಿಚ್ಚು ಅಂದರೆ ಯುಪಿಎಸ್ ಲೆಕ್ಕ ಮತ್ತೆ ಮಾಡಬೇಕು. ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ ಕರೆಂಟ್ ಹೋಗಿ ಎಸಿ ನಿಂತರೆ ಯುಪಿಎಸ್ ಮೇಲೆ ಓಡುವ ಚಾಸಿ ತನ್ನ ಬಿಸಿಯಲ್ಲೇ ಬೇಯುತ್ತದೆ, ಚಿತ್ರದುರ್ಗ, ಚಳ್ಳಕೆರೆ ಕಡೆಯವರಿಗೆ ಇದನ್ನು ಹೇಳಬೇಕಿಲ್ಲ. ಖಾಲಿ ಬ್ಲೇಡ್ ಜಾಗಕ್ಕೂ ಖಾಲಿ ಬೇಗೂ ಮುಚ್ಚಳ ಹಾಕಿಡಿ, ತೆರೆದಿದ್ದರೆ ಫ್ಯಾನಿನ ಗಾಳಿ ಅತ್ತ ಸೋರಿಹೋಗಿ ಬ್ಲೇಡುಗಳಿಗೆ ಸಿಗುವುದಿಲ್ಲ. ಹೊಸ ಸ್ವಿಚ್ ಬೇಗೆ ಹಾಕುವಾಗ ತೆಗೆದ ಮುಚ್ಚಳವನ್ನು ಎಸೆಯದೆ ಚಾಸಿಯ ಪಕ್ಕದಲ್ಲೇ ಇಡಿ, ಮತ್ತೆ ಬೇಕಾದಾಗ ಅದೊಂದಕ್ಕಾಗಿ ಎಸ್.ಪಿ. ರೋಡ್ ಹುಡುಕುವುದು ತಪ್ಪುತ್ತದೆ.